ಜೀವಶಾಸ್ತ್ರದ ಉತ್ತರ ತಿದ್ದುವಾಗ ಅರ್ಧ ಅಂಕ ಎಲ್ಲಿ ಕೊಡುತ್ತೇನೆ, ಎಲ್ಲಿ ಹಿಡಿಯುತ್ತೇನೆ

ಕೊಪ್ಪಳ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ನಾನು ಸಿಬಿಝಡ್ (ರಸಾಯನ, ಸಸ್ಯ, ಪ್ರಾಣಿಶಾಸ್ತ್ರ) ಶಿಕ್ಷಕ. ಎಸ್ಸೆಸ್ಸೆಲ್ಸಿ ವಿಜ್ಞಾನದಲ್ಲಿ ಬರವಣಿಗೆಗೆ 80, ಆಂತರಿಕಕ್ಕೆ 20. ಆ 80ರೊಳಗೆ ಭೌತ, ರಸಾಯನ, ಜೀವಶಾಸ್ತ್ರ ಮೂರೂ ಬೇರೆ ಬೇರೆ ಭಾಗಗಳಾಗಿ ಬರುತ್ತವೆ. ಭೌತಶಾಸ್ತ್ರದ ಲೆಕ್ಕ ತಿದ್ದುವಾಗ ಸೂತ್ರ, ಬೆಲೆ ಹಾಕಿದ್ದು, ಉತ್ತರ, ಏಕಮಾನ ಅಂತ ಹೆಜ್ಜೆ ಕಣ್ಣಿಗೇ ಕಾಣುತ್ತದೆ. ಜೀವಶಾಸ್ತ್ರದ ಉತ್ತರ ಬರುವುದು ಒಂದು ಪ್ಯಾರಾ ಆಗಿ. ಅದರಲ್ಲಿ ಅಂಕ ಎಲ್ಲಿ ಕೂತಿದೆ ಅನ್ನುವುದನ್ನು ತಿದ್ದುವವರೇ ಮೊದಲು ಗೊತ್ತುಮಾಡಿಕೊಂಡಿರಬೇಕು. ಪೂರ್ವಸಿದ್ಧತಾ ಪರೀಕ್ಷೆಯ ಪೇಪರ್ ತಿದ್ದುವಾಗ ನಾನು ಅನುಸರಿಸುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಬೋರ್ಡಿನ ಮೌಲ್ಯಮಾಪನದಲ್ಲಿ ಮಂಡಳಿಯ ಮಾದರಿ ಉತ್ತರವೇ ಅಂತಿಮ, ಅಲ್ಲಿ ನಮ್ಮ ಸ್ವಂತ ಲೆಕ್ಕ ನಡೆಯುವುದಿಲ್ಲ. ಆದರೆ ಶಾಲೆಯಲ್ಲಿ ತಿದ್ದುವ ರೂಢಿ ಗಟ್ಟಿಯಾಗಿದ್ದರೆ ಆ ಮಾದರಿ ಉತ್ತರವನ್ನು ಓದುವ ಕಣ್ಣೂ ಗಟ್ಟಿಯಾಗಿರುತ್ತದೆ.

ಮೊದಲು ಒಂದು ಪ್ರಶ್ನೆಯನ್ನೇ ಒಡೆದು ತೋರಿಸುತ್ತೇನೆ. "ಜೀರ್ಣವಾದ ಆಹಾರವನ್ನು ಹೀರಿಕೊಳ್ಳಲು ಸಣ್ಣ ಕರುಳು ಹೇಗೆ ವಿನ್ಯಾಸಗೊಂಡಿದೆ?" 2 ಅಂಕ. ನಾನು ಮಾಡಿಕೊಳ್ಳುವ ಹಂಚಿಕೆ ಇದು: ಒಳಗೋಡೆಯಲ್ಲಿ ಬೆರಳಿನಂಥ ವಿಲ್ಲೈಗಳಿವೆ, ½. ಅವು ಹೀರಿಕೊಳ್ಳುವ ಮೇಲ್ಮೈ ವಿಸ್ತೀರ್ಣ ಹೆಚ್ಚಿಸುತ್ತವೆ, ½. ವಿಲ್ಲೈಗಳಿಗೆ ರಕ್ತನಾಳಗಳ ಸರಬರಾಜು ಚೆನ್ನಾಗಿದೆ, ½. ಆ ರಕ್ತ ಹೀರಿಕೊಂಡ ಆಹಾರವನ್ನು ಎಲ್ಲ ಜೀವಕೋಶಗಳಿಗೆ ಒಯ್ಯುತ್ತದೆ, ½. ಈಗ ಹುಡುಗ ಬರೆದದ್ದು: "ಸಣ್ಣ ಕರುಳಿನಲ್ಲಿ ವಿಲ್ಲೈಗಳು ಇರುತ್ತವೆ. ಇವು ಆಹಾರ ಹೀರಿಕೊಳ್ಳುತ್ತವೆ." ಎರಡನೇ ವಾಕ್ಯ ಪ್ರಶ್ನೆಯಲ್ಲೇ ಇರುವ ಮಾತು. ಹಾಗಾಗಿ ಒಟ್ಟು ½. ಇದಕ್ಕೆ 1 ಕೊಡುವವರು ಬಹಳ ಜನ. ಕೊಟ್ಟರೆ ಏನಾಗುತ್ತದೆ ಅಂದರೆ, ಮೇಲ್ಮೈ ವಿಸ್ತೀರ್ಣ ಅಂತ ಕಷ್ಟಪಟ್ಟು ಬರೆದ ಪಕ್ಕದ ಹುಡುಗಿಗೂ ಅದೇ 1 ಬಂದಿರುತ್ತದೆ.

ಜೀವಶಾಸ್ತ್ರದಲ್ಲಿ ಅಂಕ ಇರುವುದು ರಚನೆಯ ಹೆಸರಿಗಿಂತ ಹೆಚ್ಚಾಗಿ ರಚನೆ ಮತ್ತು ಕೆಲಸದ ನಡುವಿನ ಕೊಂಡಿಗೆ. ಈ ಕೊಂಡಿಯನ್ನು ತಪ್ಪಿಸಿಕೊಳ್ಳುವ ದಾರಿ ಎರಡು. ಪಿಸಿಎಂ (ಭೌತ, ರಸಾಯನ, ಗಣಿತ) ಶಿಕ್ಷಕರು ಜೀವಶಾಸ್ತ್ರ ಭಾಗ ತಿದ್ದಿದರೆ ಮಾದರಿ ಉತ್ತರದ ಪದ ಹುಡುಕುತ್ತಾರೆ. ಪದ ಸಿಕ್ಕರೆ ಟಿಕ್, ಸಿಗದಿದ್ದರೆ ಸೊನ್ನೆ. ನಮ್ಮಂಥ ಸಿಬಿಝಡ್‌ನವರದ್ದು ಉಲ್ಟಾ ರೋಗ. ಹುಡುಗ ಅರ್ಧ ಬರೆದದ್ದನ್ನು ನಮ್ಮ ತಲೆ ತಾನೇ ಪೂರ್ತಿ ಮಾಡಿ ಓದಿಬಿಡುತ್ತದೆ, "ಇವನಿಗೆ ಗೊತ್ತಿದೆ ಬಿಡು" ಅಂತ ಪೂರ್ತಿ ಅಂಕ ಹೋಗುತ್ತದೆ. ಹಾಳೆಯ ಮೇಲೆ ಇಲ್ಲದ್ದಕ್ಕೆ ಅಂಕ ಇಲ್ಲ. ಇಬ್ಬರೂ ಹಂಚಿಕೊಂಡು ತಿದ್ದುವ ಶಾಲೆಯಲ್ಲಿ ಅದೇ ಐದಾರು ಪೇಪರನ್ನು ಇಬ್ಬರೂ ಪೆನ್ಸಿಲ್‌ನಲ್ಲಿ ತಿದ್ದಿ ಹೋಲಿಸಿದರೆ ಈ ಎರಡೂ ಕಾಯಿಲೆ ತಕ್ಷಣ ಗೊತ್ತಾಗುತ್ತವೆ.

ಪ್ರಯೋಗದ ಪ್ರಶ್ನೆಗಳಲ್ಲಿ ಕೇಳಿದ್ದು ಒಂದು, ಬರೆದದ್ದು ಇನ್ನೊಂದು ಆಗುವುದು ಜಾಸ್ತಿ. ಎಲೆಯಲ್ಲಿ ಪಿಷ್ಟ ಪರೀಕ್ಷಿಸುವ ಪ್ರಯೋಗ ತೆಗೆದುಕೊಳ್ಳಿ. "ಆಲ್ಕೋಹಾಲ್ ಅನ್ನು ನೇರವಾಗಿ ಕಾಯಿಸದೆ ಬಿಸಿನೀರಿನ ಪಾತ್ರೆಯಲ್ಲಿಟ್ಟು ಕಾಯಿಸುವುದೇಕೆ?" ಅಂದರೆ ಉತ್ತರ ಆಲ್ಕೋಹಾಲ್ ಬೇಗ ಬೆಂಕಿ ಹಿಡಿಯುತ್ತದೆ ಎಂಬುದು. ಹೆಚ್ಚಿನವರು ಬರೆಯುವುದು "ಪತ್ರಹರಿತ್ತು ಕರಗಲು" ಅಂತ. ವಾಕ್ಯ ಸರಿ, ಆದರೆ ಅದು ಆಲ್ಕೋಹಾಲ್ ಏಕೆ ಅನ್ನುವುದಕ್ಕೆ ಉತ್ತರ, ನೀರಿನ ಪಾತ್ರೆ ಏಕೆ ಅನ್ನುವುದಕ್ಕಲ್ಲ. ಸೊನ್ನೆ. ಗಿಡವನ್ನು ಮೂರು ದಿನ ಕತ್ತಲಲ್ಲಿ ಇಡುವುದೇಕೆ ಅಂದಾಗ "ಬೆಳಕು ಸಿಗಬಾರದು ಎಂದು" ಅಂತ ನಿಲ್ಲಿಸಿದರೆ ಅದೂ ಪ್ರಶ್ನೆಯನ್ನೇ ತಿರುಗಿಸಿ ಹೇಳಿದಂತೆ. "ದ್ಯುತಿಸಂಶ್ಲೇಷಣೆ ನಿಲ್ಲಲಿ ಎಂದು" ಬರೆದರೆ ½ ಕೊಡುತ್ತೇನೆ, "ಎಲೆಯಲ್ಲಿ ಮೊದಲೇ ಇದ್ದ ಪಿಷ್ಟ ಖರ್ಚಾಗಲಿ ಎಂದು" ಬಂದರೆ ಪೂರ್ತಿ 1.

ವ್ಯತ್ಯಾಸ ಕೇಳಿದಾಗ ಜೋಡಿಗೆ ಅಂಕ. ಒಂದು ಕಡೆ ಮಾತ್ರ ಬರೆದರೆ ಏನೂ ಇಲ್ಲ. ಎರಡು ಕಡೆ ಬರೆದರೂ ಎರಡೂ ಒಂದೇ ವಿಷಯದ ಬಗ್ಗೆ ಇರಬೇಕು. "ಅಪಧಮನಿಯ ಗೋಡೆ ದಪ್ಪ, ಅಭಿಧಮನಿ ರಕ್ತವನ್ನು ಹೃದಯಕ್ಕೆ ತರುತ್ತದೆ" ಅಂದರೆ ಎರಡು ನಿಜ ಹೇಳಿದ ಹಾಗಾಯಿತು, ವ್ಯತ್ಯಾಸ ಹೇಳಿದ ಹಾಗಾಗಲಿಲ್ಲ. ಇದೇ ಪ್ರಶ್ನೆಯಲ್ಲಿ ನಾನು ಬಿಗಿ ಹಿಡಿಯುವ ಇನ್ನೊಂದು ಜಾಗ ಇದೆ. "ಅಪಧಮನಿಯಲ್ಲಿ ಆಮ್ಲಜನಕಯುಕ್ತ ರಕ್ತ, ಅಭಿಧಮನಿಯಲ್ಲಿ ಆಮ್ಲಜನಕರಹಿತ ರಕ್ತ" ಅಂತ ಬರೆದರೆ ಶ್ವಾಸಕೋಶದ ರಕ್ತನಾಳಗಳನ್ನು ಹೊರತುಪಡಿಸಿ ಎಂಬ ಮಾತು ಇರಲೇಬೇಕು, ಏಕೆಂದರೆ ಅಲ್ಲಿ ಅದು ತಿರುಗುಮುರುಗು. ದಿಕ್ಕು, ಗೋಡೆಯ ದಪ್ಪ, ಒತ್ತಡ, ಕವಾಟ, ಈ ನಾಲ್ಕಕ್ಕೆ ಅಪವಾದದ ತಕರಾರಿಲ್ಲ. ಮಕ್ಕಳಿಗೆ ಇವನ್ನೇ ಬರೆಯಲು ಹೇಳುವುದು ಕ್ಷೇಮ.

ಗ್ಲೂಕೋಸ್ ವಿಭಜನೆಯ ಮೂರು ದಾರಿಗಳ ಪ್ರಶ್ನೆಯಲ್ಲಿ ರೇಖಾಚಿತ್ರ ಬರೆದವರಿಗೂ ವಾಕ್ಯ ಬರೆದವರಿಗೂ ಒಂದೇ ಅಳತೆ: ಎಲ್ಲಿ, ಆಮ್ಲಜನಕ ಇದೆಯೋ ಇಲ್ಲವೋ, ಏನು ಉತ್ಪತ್ತಿ. ಕೋಶದ್ರವದಲ್ಲಿ ಗ್ಲೂಕೋಸ್ ಮೂರು ಕಾರ್ಬನ್‌ನ ಪೈರುವೇಟ್ ಆಗುತ್ತದೆ. ಯೀಸ್ಟ್‌ನಲ್ಲಿ ಆಮ್ಲಜನಕವಿಲ್ಲದೆ ಎಥನಾಲ್ ಮತ್ತು ಕಾರ್ಬನ್ ಡೈಆಕ್ಸೈಡ್. ಸ್ನಾಯುಕೋಶದಲ್ಲಿ ಆಮ್ಲಜನಕ ಕೊರತೆಯಾದಾಗ ಲ್ಯಾಕ್ಟಿಕ್ ಆಮ್ಲ. ಮೈಟೋಕಾಂಡ್ರಿಯಾದಲ್ಲಿ ಆಮ್ಲಜನಕವಿದ್ದು ಕಾರ್ಬನ್ ಡೈಆಕ್ಸೈಡ್, ನೀರು. ತಪ್ಪುವುದು ಎರಡೇ ಕಡೆ. ಯೀಸ್ಟ್ ಸಾಲಿನಲ್ಲಿ ಕಾರ್ಬನ್ ಡೈಆಕ್ಸೈಡ್ ಬಿಟ್ಟುಹೋಗುತ್ತದೆ, ಲ್ಯಾಕ್ಟಿಕ್ ಆಮ್ಲದ ಸಾಲಿಗೆ ಅದು ಸುಮ್ಮನೆ ಬಂದು ಸೇರುತ್ತದೆ. ಮೂರು ಕಾರ್ಬನ್ ಮೂರೇ ಉಳಿಯಿತೋ, ಎರಡಾಗಿ ಒಂದು ಹೊರಹೋಯಿತೋ ಅಂತ ಎಣಿಸಿದರೆ ಉತ್ತರ ತಾನೇ ಬರುತ್ತದೆ. ಹಾಗಾಗಿ ಈ ತಪ್ಪಿಗೆ ½ ಕಳೆಯಲು ನನಗೆ ಹಿಂಜರಿಕೆ ಇಲ್ಲ.

ಇನ್ನು ಚಿತ್ರ. ತಿದ್ದುವವರಲ್ಲಿ ಹೆಚ್ಚು ಭೇದ ಬರುವುದೇ ಇಲ್ಲಿ. ಹೃದಯದ ಸೀಳುನೋಟ ಬರೆದು ಎರಡು ಭಾಗ ಗುರುತಿಸಿ ಅನ್ನುವ 3 ಅಂಕದ ಪ್ರಶ್ನೆಗೆ ನಾನು ಚಿತ್ರಕ್ಕೆ 2, ಭಾಗಗಳಿಗೆ ½ ರಂತೆ 1 ಇಟ್ಟುಕೊಳ್ಳುತ್ತೇನೆ. ಆ 2ರಲ್ಲಿ ಅಂದಕ್ಕೆ ಪಾಲಿಲ್ಲ. ನಾಲ್ಕು ಕೋಣೆ ಬೇರೆ ಬೇರೆ ಕಾಣಬೇಕು. ಎಡ ಬಲ ಬೇರ್ಪಡಿಸುವ ಗೋಡೆ ಪೂರ್ತಿ ಇರಬೇಕು, ನಡುವೆ ತೂತು ಬಿಟ್ಟಿದ್ದರೆ ½ ಹೋಯಿತು. ಹೃತ್ಕರ್ಣ ಮತ್ತು ಹೃತ್ಕುಕ್ಷಿಯ ನಡುವೆ ಕವಾಟ ಇರಬೇಕು. ರಕ್ತನಾಳಗಳು ಸರಿಯಾದ ಕೋಣೆಗೆ ಕೂಡಿಕೊಂಡಿರಬೇಕು. ಮಹಾಪಧಮನಿ ಬಲ ಹೃತ್ಕುಕ್ಷಿಯಿಂದ ಹೊರಟಿದ್ದರೆ ಎಷ್ಟೇ ಚೆಂದದ ಶೇಡಿಂಗ್ ಇದ್ದರೂ ಪೂರ್ತಿ ಅಂಕ ಬರುವುದಿಲ್ಲ. ಹೃತ್ಕುಕ್ಷಿಯ ಗೋಡೆ ಹೃತ್ಕರ್ಣದ್ದಕ್ಕಿಂತ ದಪ್ಪ ಇದೆಯೇ ಅಂತಲೂ ನೋಡುತ್ತೇನೆ, ಆದರೆ ಅದಕ್ಕೆ ಅಂಕ ಕಳೆಯುವುದಿಲ್ಲ. ಚಿತ್ರದ ಎಡಗಡೆ ದೇಹದ ಬಲಗಡೆ ಎಂಬುದು ಗೊಂದಲವಾಗಿ ಎಡ ಬಲ ಎರಡೂ ಅದಲುಬದಲಾಗಿ ಹೆಸರು ಬರೆದಿದ್ದರೆ ಹೆಸರಿನ ಅಂಕ ಮಾತ್ರ ಹೋಗುತ್ತದೆ, ಚಿತ್ರದ್ದು ಉಳಿಯುತ್ತದೆ.

ಹೆಸರಿನ ಗೆರೆಯ ತುದಿ ಆ ಭಾಗವನ್ನು ಮುಟ್ಟಿರಬೇಕು. ಹೊರಗಡೆ ಗಾಳಿಯಲ್ಲೇ ನಿಂತಿದ್ದರೆ ಅಥವಾ ಎರಡು ಭಾಗದ ಗಡಿಯ ಮೇಲೆ ನಿಂತಿದ್ದರೆ ಅಂಕವಿಲ್ಲ. ಎರಡೇ ಭಾಗ ಕೇಳಿದ್ದಾಗ ಎಂಟು ಗುರುತಿಸಿದರೆ ಕೇಳಿದ ಎರಡನ್ನು ಮಾತ್ರ ನೋಡುತ್ತೇನೆ, ಉಳಿದವು ತಪ್ಪಿದ್ದರೂ ಕಳೆಯುವುದಿಲ್ಲ. ಪೆನ್ನಿನಲ್ಲಿ ಬರೆದ ಚಿತ್ರಕ್ಕೆ ದಂಡ ಹಾಕುವ ರೂಢಿ ಕೆಲವರಿಗಿದೆ. ಪ್ರಶ್ನೆಯಲ್ಲಿ ಪೆನ್ಸಿಲ್ ಅಂತ ಇಲ್ಲದಿದ್ದರೆ ಅದು ಸಲ್ಲದು. ಜೀರ್ಣಾಂಗವ್ಯೂಹದಲ್ಲಿ ಯಕೃತ್ತು ಜಠರದ ಕಡೆಗೇ ಬಂದಿರುವುದು, ವಿಸರ್ಜನಾಂಗವ್ಯೂಹದಲ್ಲಿ ಮೂತ್ರನಾಳ ಮೂತ್ರಕೋಶಕ್ಕೆ ಮುಟ್ಟದೆ ನಿಂತಿರುವುದು, ಇವು ಪ್ರತಿ ಬಂಡಲ್‌ನಲ್ಲೂ ಸಿಗುತ್ತವೆ.

ಪರಾವರ್ತಿತ ಚಾಪ ಅಂದರೆ ಮೆದುಳಿನ ಆದೇಶಕ್ಕೆ ಕಾಯದೆ ಆಗುವ ಪ್ರತಿಕ್ರಿಯೆಯ ದಾರಿ, ಅದರಲ್ಲಿ ಅಂಕ ಕ್ರಮಕ್ಕೆ. ಗ್ರಾಹಕ → ಜ್ಞಾನವಾಹಿ ನರ → ಮೆದುಳುಬಳ್ಳಿ → ಕ್ರಿಯಾವಾಹಿ ನರ → ಸ್ನಾಯು. ಎರಡು ನರಗಳ ಹೆಸರು ಅದಲುಬದಲಾದರೆ ಎರಡೂ ½ ಹೋಗುತ್ತವೆ. "ಮೆದುಳು ಆದೇಶ ಕೊಡುತ್ತದೆ" ಅಂತ ನಡುವೆ ಬಂದರೆ ಉತ್ತರ ತನ್ನನ್ನೇ ಅಲ್ಲಗಳೆದ ಹಾಗೆ. "ಮಾಹಿತಿ ಮೆದುಳಿಗೂ ತಲುಪುತ್ತದೆ" ಅಂದರೆ ಅದು ಸರಿಯೇ. ಸಣ್ಣ ಅಂತರ, ಅವಸರದಲ್ಲಿ ಓದಿದರೆ ತಪ್ಪಿಹೋಗುತ್ತದೆ.

ಅನುವಂಶೀಯತೆಯಲ್ಲಿ ತೊಡಕು ಶುರುವಾಗುವುದು ಇಂಗ್ಲಿಷ್ ಅಕ್ಷರದಿಂದ. ಬಟಾಣಿ ಗಿಡದ ಎತ್ತರ ಕುಳ್ಳಿನ ಏಕತಳೀಕರಣದಲ್ಲಿ (ಒಂದೇ ಗುಣ ನೋಡುವುದು) ಟಿ ಅಕ್ಷರದ ದೊಡ್ಡದು ಸಣ್ಣದು ಬೇರೆಯಾಗಿ ಕಾಣುತ್ತವೆ. ದ್ವಿತಳೀಕರಣದಲ್ಲಿ (ಬೀಜದ ಆಕಾರ, ಬಣ್ಣ ಎರಡೂ ಗುಣ ನೋಡುವುದು) ಹಳದಿ ಬಣ್ಣಕ್ಕೆ ವೈ ಅಕ್ಷರ ಬಳಸುತ್ತಾರೆ, ಕೈಬರಹದಲ್ಲಿ ಅದರ ದೊಡ್ಡಕ್ಷರ ಸಣ್ಣಕ್ಷರ ಎರಡೂ ಒಂದೇ ಥರ. ಹದಿನಾರು ಮನೆಯ ಚೌಕದಲ್ಲಿ ಯಾವುದು ಹಳದಿ, ಯಾವುದು ಹಸಿರು ಅಂತ ಬರೆದವರಿಗೇ ತಿಳಿಯುವುದಿಲ್ಲ. ಸಣ್ಣಕ್ಷರದ ಬಾಲವನ್ನು ಗೆರೆಯ ಕೆಳಗೆ ಇಳಿಸಿ ಬರೆಯಲು ನಮ್ಮ ಮಕ್ಕಳಿಗೆ ಅಭ್ಯಾಸ ಮಾಡಿಸುತ್ತೇನೆ. ತಿದ್ದುವಾಗ ಹಂಚಿಕೆ ಹೀಗೆ: ಪೋಷಕ ಸಸ್ಯಗಳ ಜೀನೋಟೈಪ್, ಲಿಂಗಾಣುಗಳು, ಮೊದಲ ಪೀಳಿಗೆ, ಚೌಕ, ಕೊನೆಗೆ 9:3:3:1. ಲಿಂಗಾಣು ಬರೆಯುವ ಹಂತದಲ್ಲೇ ತಪ್ಪಿ, ಆ ತಪ್ಪಿನ ಮೇಲೆ ಚೌಕವನ್ನು ಸರಿಯಾಗಿ ತುಂಬಿದ್ದರೆ ಚೌಕದ ಅಂಕ ಕೊಡುತ್ತೇನೆ. ಒಂದು ತಪ್ಪಿಗೆ ಒಂದೇ ಸಲ ಕಳೆಯಬೇಕು. ಆದರೆ ಚೌಕ ತಪ್ಪಾಗಿದ್ದೂ ಕೆಳಗೆ 9:3:3:1 ಅಂತ ಬಾಯಿಪಾಠದಿಂದ ಬರೆದಿದ್ದರೆ? ಅನುಪಾತದ ಎದುರು ದುಂಡು ಹಳದಿ, ದುಂಡು ಹಸಿರು, ಸುಕ್ಕು ಹಳದಿ, ಸುಕ್ಕು ಹಸಿರು ಅಂತ ಕ್ರಮವಾಗಿ ಹೆಸರಿಸಿದ್ದರೆ ½, ಬರೀ ಅಂಕಿಗಳಿದ್ದರೆ ಇಲ್ಲ.

ಆಹಾರ ಸರಪಳಿಯಲ್ಲಿ ಬಾಣದ ದಿಕ್ಕು ನೋಡದೆ ಟಿಕ್ ಹಾಕುವವರಿದ್ದಾರೆ. ಬಾಣ ಶಕ್ತಿ ಹೋಗುವ ಕಡೆಗೆ ಇರಬೇಕು: ಭತ್ತ → ಇಲಿ → ಹಾವು → ಹದ್ದು. "ಹಾವು ಇಲಿಯನ್ನು ತಿನ್ನುತ್ತದೆ" ಎಂಬ ಲೆಕ್ಕದಲ್ಲಿ ಬಾಣ ತಿರುಗಿಸಿದರೆ 1 ಅಂಕದ ಪ್ರಶ್ನೆಯಲ್ಲಿ ನಾನು ಏನೂ ಕೊಡುವುದಿಲ್ಲ. ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ಮಕ್ಕಳು ಪುಸ್ತಕದ ಹುಲ್ಲು, ಮಿಡತೆ ಬಿಟ್ಟು ತಮ್ಮ ಗದ್ದೆಯದ್ದೇ ಬರೆಯುತ್ತಾರೆ, ಅದು ಒಳ್ಳೆಯದೇ. ದರೋಜಿ ಕರಡಿಧಾಮ ನೋಡಿಬಂದ ಮಗು "ಗೆದ್ದಲು → ಕರಡಿ" ಅಂತ ಶುರುಮಾಡಿದರೆ ಉತ್ಪಾದಕದ ಕೊಂಡಿ ಇಲ್ಲ, ½ ಕಡಿಮೆ. "ಒಣಹುಲ್ಲು → ಗೆದ್ದಲು → ಕರಡಿ" ಆದರೆ ಒಪ್ಪಿಗೆ. ಒಂದು ಹಂತದಿಂದ ಮುಂದಿನದಕ್ಕೆ ಶೇ 10ರಷ್ಟು ಶಕ್ತಿ ಮಾತ್ರ ಹೋಗುತ್ತದೆ ಎಂಬ ಲೆಕ್ಕದಲ್ಲಿ ಸಸ್ಯದಲ್ಲಿ 20,000 ಜೂಲ್ ಇದ್ದರೆ ಮಿಡತೆಗೆ 2,000, ಕಪ್ಪೆಗೆ 200, ಹಾವಿಗೆ 20. ಕೆಲವರು ಶೇ 10 ಕಳೆದು 18,000 ಅಂತ ಮುಂದುವರಿಯುತ್ತಾರೆ, ಇದು ನಿಯಮವೇ ತಿಳಿಯದ ತಪ್ಪು, ಹೆಜ್ಜೆಯ ಅಂಕ ಕೊಡುವುದಿಲ್ಲ. ಸೊನ್ನೆ ಎಣಿಸುವಲ್ಲಿ ತಪ್ಪಿದ್ದರೆ ಮಾತ್ರ ಮುಂದಿನ ಹೆಜ್ಜೆಗಳಿಗೆ ಕೊಡುತ್ತೇನೆ.

ಮಾದರಿ ಉತ್ತರದಲ್ಲಿ ಇಲ್ಲದ ಸರಿ ಉತ್ತರ ನಮ್ಮ ಭಾಗದಲ್ಲಿ ಬರುವುದು ಹೆಚ್ಚಾಗಿ ತೋಟದಿಂದ. ಕಾಯಜ ಸಂತಾನೋತ್ಪತ್ತಿಗೆ ಪುಸ್ತಕ ಕಬ್ಬು, ಗುಲಾಬಿ, ದ್ರಾಕ್ಷಿ ಹೇಳುತ್ತದೆ. ಕುಷ್ಟಗಿ ಕಡೆಯ ಹುಡುಗ "ದಾಳಿಂಬೆ, ಗೂಟಿ ಕಟ್ಟುವುದು" (ಗಿಡದಲ್ಲಿರುವ ಕೊಂಬೆಗೇ ಬೇರು ಬರಿಸುವ ವಿಧಾನ) ಅಂತ ಬರೆಯುತ್ತಾನೆ. ಪೂರ್ತಿ ಸರಿ, ಪೂರ್ತಿ ಅಂಕ. ಆದರೆ ಬೀಜ ಉತ್ಪಾದಿಸುವ ಸಾಮರ್ಥ್ಯ ಕಳೆದುಕೊಂಡ ಸಸ್ಯಕ್ಕೆ ಉದಾಹರಣೆ ಕೇಳಿದಾಗಲೂ ದಾಳಿಂಬೆ ಬರೆದರೆ ಅದು ತಪ್ಪು, ಹಣ್ಣಿನ ತುಂಬ ಬೀಜವೇ ಇದೆ. ಅಲ್ಲಿ ಬಾಳೆ, ಮಲ್ಲಿಗೆ ಬರಬೇಕು. ಉಳ್ಳಾಗಡ್ಡಿ ಅಂದರೂ ಈರುಳ್ಳಿ ಅಂದರೂ, ಆಕ್ಸಿಜನ್ ಅಂದರೂ ಆಮ್ಲಜನಕ ಅಂದರೂ ಒಂದೇ. ಒತ್ತಕ್ಷರ, ದೀರ್ಘ ತಪ್ಪಿದ್ದಕ್ಕೆ ಅಂಕ ಕಳೆಯುವುದಿಲ್ಲ, ಒಂದು ವಿನಾಯಿತಿ ಬಿಟ್ಟು: ತಪ್ಪಾದ ಪದ ಇನ್ನೊಂದು ಭಾಗದ ಹೆಸರೇ ಆಗಿಬಿಟ್ಟರೆ. ಅಂಡಾಶಯ ಮತ್ತು ಅಂಡಾಣು, ಮೂತ್ರನಾಳ ಮತ್ತು ಮೂತ್ರಕೋಶ, ಅಪಧಮನಿ ಮತ್ತು ಅಭಿಧಮನಿ ಇಂಥವು.

ಬಹು ಆಯ್ಕೆಯಲ್ಲಿ ಕ್ರಮಾಕ್ಷರ ಒಂದು, ಬರೆದ ಉತ್ತರ ಇನ್ನೊಂದು ಆಗಿದ್ದರೆ ಸೊನ್ನೆ. "ಅಥವಾ" ಪ್ರಶ್ನೆ ಎರಡನ್ನೂ ಬರೆದಿದ್ದರೆ ಎರಡನ್ನೂ ತಿದ್ದಿ ಹೆಚ್ಚು ಬಂದದ್ದನ್ನು ಉಳಿಸಿಕೊಳ್ಳುತ್ತೇನೆ.

ತಿದ್ದುವ ಕ್ರಮದ ಬಗ್ಗೆ. ಶಾಲೆಯಲ್ಲಿ ನಾನು ಒಂದೊಂದೇ ಪ್ರಶ್ನೆಯನ್ನು ಎಲ್ಲ ಪೇಪರ್‌ನಲ್ಲೂ ಮುಗಿಸುತ್ತೇನೆ. ಮೊದಲು ಹತ್ತು ಪೇಪರನ್ನು ಕೆಂಪು ಪೆನ್ನು ಮುಟ್ಟದೆ ಓದುತ್ತೇನೆ, ಹಂಚಿಕೆ ಬದಲಿಸಬೇಕಿದ್ದರೆ ಆಗಲೇ ಬದಲಿಸುತ್ತೇನೆ. ನಡುವೆ ಬದಲಿಸಿದರೆ ಹಿಂದಿನದ್ದೆಲ್ಲ ಮತ್ತೆ ತಿದ್ದಬೇಕು. ಒಳ್ಳೆಯ ಅಕ್ಷರದ ಪೇಪರ್ ಆದ ಮೇಲೆ ಬಂದ ಕೆಟ್ಟ ಅಕ್ಷರಕ್ಕೆ ಕೈ ತಾನೇ ಬಿಗಿಯಾಗುತ್ತದೆ. ಅದಕ್ಕೇ ಪ್ರತಿ ಪ್ರಶ್ನೆಗೂ ಬಂಡಲ್‌ನ ಕ್ರಮ ತಿರುಗಿಸಿಕೊಳ್ಳುತ್ತೇನೆ. ಟಿಕ್ ಹಾಕುವುದು ಉತ್ತರದ ಕೊನೆಯಲ್ಲಲ್ಲ, ಅಂಕ ಬಂದ ಪದದ ಮೇಲೆಯೇ. ½ ಎಲ್ಲಿ ಸಿಕ್ಕಿತು, ಎಲ್ಲಿ ಹೋಯಿತು ಅಂತ ಆಗ ಮಗುವಿಗೂ ಕಾಣುತ್ತದೆ, ಒಟ್ಟು ಕೂಡುವವರಿಗೂ ಕಾಣುತ್ತದೆ.

ಕೂಡುವಾಗ ಆಗುವ ತಪ್ಪುಗಳು ಬಹುತೇಕ ಒಂದೇ ಥರದವು. ಕೊನೆಯ ಹಾಳೆಯ ಹಿಂಬದಿ ತಿರುಗಿಸದೆ ಬಿಡುವುದು, ಹೆಚ್ಚುವರಿ ಹಾಳೆಯಲ್ಲಿ ಮುಂದುವರಿದ ಉತ್ತರಕ್ಕೆ ಹಿಂದಿನ ಹಾಳೆಯ ಅಂಕವನ್ನಷ್ಟೇ ಮುಖಪುಟಕ್ಕೆ ಏರಿಸುವುದು, ಪ್ರಶ್ನೆ ಸಂಖ್ಯೆ ತಪ್ಪಾಗಿ ಬರೆದ ಉತ್ತರವನ್ನು ಬಿಟ್ಟುಬಿಡುವುದು, 1½ ಅನ್ನು 1 ಅಂತ ಏರಿಸುವುದು. ನಾನು ಒಳಗಿನಿಂದ ಮುಂದಕ್ಕೆ ಕೂಡಿದರೆ ಇನ್ನೊಬ್ಬರಿಗೆ ಮುಖಪುಟದ ಪಟ್ಟಿಯಿಂದ ಕೊನೆಯಿಂದ ಮೊದಲಿಗೆ ಕೂಡಲು ಕೊಡುತ್ತೇನೆ. ಎರಡೂ ಹೊಂದಿದ ಮೇಲೆಯೇ ರಿಜಿಸ್ಟರ್‌ಗೆ ಏರುತ್ತದೆ. ಖಾಲಿ ಬಿಟ್ಟ ಹಾಳೆಗಳಿಗೆ ಅಡ್ಡಗೆರೆ ಎಳೆಯುವುದು ಅದಾದ ನಂತರ.