ಪಪ್ಪ ಸಮುದ್ರದಲ್ಲಿದ್ದ ಕ್ರಿಸ್‌ಮಸ್: ಅಮ್ಮ ಮತ್ತು ನಾನು ನಡೆಸಿದ ಬಗೆ

1971ರ ಡಿಸೆಂಬರ್‌ನಲ್ಲಿ ನನಗೆ ಹತ್ತು ವರ್ಷ. ನಾವು ಮಂಗಳೂರು ಕಡೆಯ ಕ್ರೈಸ್ತರು. ಇದ್ದದ್ದು ಬೊಂಬಾಯಿಯ ಮಜಗಾಂವ್‌ನಲ್ಲಿ, ಒಂದು ಬಾಡಿಗೆ ಖೋಲಿಯಲ್ಲಿ. ಪಪ್ಪ ನೌಕಾಪಡೆಯಲ್ಲಿದ್ದರು. ನವೆಂಬರ್ ಕೊನೆಗೆ ಅವರ ಹಡಗು ಹೊರಟಿತು. ಎಲ್ಲಿಗೆ ಅಂತ ಅವರೂ ಹೇಳಲಿಲ್ಲ, ಅಮ್ಮನೂ ಕೇಳಲಿಲ್ಲ.

ಡಿಸೆಂಬರ್ 3ರ ಸಂಜೆ ಪಾಕಿಸ್ತಾನದ ವಿಮಾನಗಳು ನಮ್ಮ ವಿಮಾನ ನೆಲೆಗಳ ಮೇಲೆ ದಾಳಿ ಮಾಡಿದವು. ಯುದ್ಧ ಶುರುವಾಯಿತು, ಬೊಂಬಾಯಿ ಕತ್ತಲಾಯಿತು. ಕಿಟಕಿ ಗಾಜಿಗೆಲ್ಲ ಕಪ್ಪು ಕಾಗದ, ವಾಹನಗಳ ದೀಪಕ್ಕೆ ಕಪ್ಪು ಬಣ್ಣ. ಒಂದು ಗೆರೆ ಬೆಳಕು ಹೊರಗೆ ಬಿದ್ದರೂ ಬೀದಿಯಿಂದ "ಬತ್ತಿ ಬುಝಾವ್!" ಅನ್ನೋ ಕೂಗು. ತಮಾಷೆ ಅಂದ್ರೆ, ಆಗ ಹುಣ್ಣಿಮೆ ಕಳೆದು ಒಂದೇ ದಿನ ಆಗಿತ್ತು. ನಾವು ಕಾಗದ ಅಂಟಿಸುತ್ತಾ ಕೂತರೆ ಮೇಲೆ ಚಂದ್ರ ಇಡೀ ಬಂದರನ್ನೇ ತೋರಿಸುತ್ತಿದ್ದ.

ಇಂಥದ್ದರಲ್ಲಿ ಹಬ್ಬ ಮಾಡಬೇಕಾ ಅಂತ ಕಟ್ಟಡದಲ್ಲಿ ಮಾತಾಯಿತು. ಅಮ್ಮ ಮಾಡೋಣ ಅಂದರು. ಅವರು ಮಾಡಿದ ಒಳ್ಳೆ ಕೆಲಸ ಅಂದ್ರೆ, "ಪಪ್ಪ ಕ್ರಿಸ್‌ಮಸ್‌ಗೆ ಬರ್ತಾರೆ" ಅಂತ ಒಮ್ಮೆಯೂ ಹೇಳಲಿಲ್ಲ. ಅಕ್ಕಪಕ್ಕದ ಮನೆಗಳಲ್ಲಿ ಮಕ್ಕಳಿಗೆ ತಾರೀಖು ಕೊಡುತ್ತಿದ್ದರು. ತಾರೀಖು ದಾಟಿದರೆ ಮನೆ ತುಂಬ ಅಳು. ನಮ್ಮಲ್ಲಿ ಇದ್ದದ್ದು "ಬಂದಾಗ" ಅನ್ನೋ ಒಂದೇ ಮಾತು. ಬಂದಾಗ ತಿನ್ನಲಿ, ಬಂದಾಗ ನೋಡಲಿ. ಹಬ್ಬದ ತಯಾರಿಯನ್ನೂ ಅದೇ ಲೆಕ್ಕದಲ್ಲಿ ಮಾಡಿದೆವು: ಯಾವುದು ಕಾಯುತ್ತೋ ಅದು ಜಾಸ್ತಿ, ಯಾವುದು ಕಾಯಲ್ವೋ ಅದು ಕಡಿಮೆ.

ನಮ್ಮ ಕ್ರಿಸ್‌ಮಸ್ ಅಂದರೆ ಕುಸ್ವಾರ್. ಕಿಡಿಯೊ, ಗುಳಿಯೊ, ನೆವ್ರಿ, ತುಕ್ಡಿ, ಚಕ್ಕುಲಿ ಅಂತ ಮನೆಯಲ್ಲೇ ಮಾಡಿದ ತಿಂಡಿಗಳೆಲ್ಲ ಸೇರಿದ ತಟ್ಟೆ. ಆ ವರ್ಷ ಅಮ್ಮ ನೆವ್ರಿಯನ್ನು ಸ್ವಲ್ಪವೇ ಮಾಡಿದರು. ಒಳಗೆ ತೆಂಗಿನಕಾಯಿ ಇರುತ್ತಲ್ಲ, ಬೇಗ ವಾಸನೆ ಬರುತ್ತೆ. ಪೂರ್ತಿ ಶಕ್ತಿ ಹಾಕಿದ್ದು ಕಿಡಿಯೊಗೆ. ಸಕ್ಕರೆ ಪಾಕ ಹತ್ತಿದ ಕಿಡಿಯೊ ವಾರಗಟ್ಟಲೆ ಇರುತ್ತದೆ.

ಕತ್ತಲಲ್ಲಿ ಇದನ್ನೆಲ್ಲ ಮಾಡೋದು ಹೇಗೆ? ಅಮ್ಮ ಕೆಲಸವನ್ನು ಎರಡು ಪಾಲು ಮಾಡಿದರು. ಕರಿಯೋದು ಹಗಲು ಮಾತ್ರ. ಸೈರನ್ ಕೂಗಿದಾಗ ಸ್ಟೌ ಮೇಲೆ ಕಾದ ಎಣ್ಣೆ ಇರಬಾರದು, ಅದು ಬಾಂಬಿಗಿಂತ ಹತ್ತಿರದ ಅಪಾಯ ಅಂತ ಅವರ ವಾದ. ಸರಿಯಾದ ವಾದವೇ. ಉರುಳಿಸೋದು ರಾತ್ರಿ. ಕಿಡಿಯೊ ಉರುಳಿಸಲು ಕಣ್ಣು ಬೇಡ, ಬೆರಳು ಸಾಕು.

ಮೈದಾಕ್ಕೆ ತೆಂಗಿನ ಹಾಲು, ಚೂರು ತುಪ್ಪ, ಚಿಟಿಕೆ ಉಪ್ಪು ಹಾಕಿ ಸಂಜೆಯೇ ಗಟ್ಟಿ ಹಿಟ್ಟು ಕಲಸಿಟ್ಟು ಒದ್ದೆ ಬಟ್ಟೆ ಮುಚ್ಚುತ್ತಿದ್ದರು. ದೀಪ ಆರಿದ ಮೇಲೆ ಇಬ್ಬರೂ ನೆಲದ ಮೇಲೆ ಚಾಪೆ ಹಾಕಿ ಎದುರು ಬದುರು ಕೂರುತ್ತಿದ್ದೆವು. ನನ್ನ ಕೈಯಲ್ಲಿ ಹೊಸ ಬಾಚಣಿಗೆ, ಅದಕ್ಕೆಂದೇ ಅಂಗಡಿಯಿಂದ ತಂದದ್ದು. ಗೋಲಿಗಿಂತ ಸಣ್ಣ ಉಂಡೆ ತಗೋಬೇಕು. ಬಾಚಣಿಗೆಯ ಹಲ್ಲಿನ ಮೇಲಿಟ್ಟು ಹೆಬ್ಬೆರಳಿಂದ ಒತ್ತಿ ಎಳೆಯಬೇಕು. ಹಿಟ್ಟು ತೆಳ್ಳಗಾಗಿ ತಾನೇ ಸುರುಳಿ ಸುತ್ತಿಕೊಳ್ಳುತ್ತದೆ, ಬೆನ್ನ ಮೇಲೆ ಗೆರೆ ಮೂಡುತ್ತದೆ. ಗೆರೆ ಸರಿಯಾಗಿ ಬಂತಾ ಅಂತ ತೋರುಬೆರಳಿಂದ ಸವರಿ ನೋಡೋದು. ಗೆರೆ ಬರದಿದ್ದರೆ ಮತ್ತೆ ಉಂಡೆ. ಒತ್ತಿದ್ದು ಜಾಸ್ತಿಯಾದರೆ ಹಿಟ್ಟು ಹಲ್ಲುಗಳ ಸಂದಿಗೆ ಸಿಕ್ಕಿಕೊಳ್ಳುತ್ತದೆ, ಆಗ ಅಮ್ಮ ಕಡ್ಡಿ ಕೊಡುತ್ತಿದ್ದರು.

ದೂರದಲ್ಲಿ ವಿಮಾನ ಹೊಡೆಯುವ ತೋಪುಗಳ ಸದ್ದು ಬಂದರೆ ಅಮ್ಮ ಜಪಮಾಲೆ ಶುರು ಮಾಡುತ್ತಿದ್ದರು. ಬೆರಳು ಮಾತ್ರ ನಿಲ್ಲುತ್ತಿರಲಿಲ್ಲ. "ಪುತಾ, ನಿನ್ನದು ದಪ್ಪ ಆಗ್ತಾ ಇದೆ, ಒಳಗೆ ಬೇಯಲ್ಲ" ಅಂತ ಪ್ರಾರ್ಥನೆಯ ಮಧ್ಯೆಯೇ ಹೇಳುತ್ತಿದ್ದರು. ನೋಡದೇ ಹೇಗೆ ಗೊತ್ತಾಗುತ್ತಿತ್ತೋ! ಹತ್ತು ವರ್ಷದ ಹುಡುಗನಿಗೆ ಧೈರ್ಯ ಹೇಳೋದಕ್ಕಿಂತ ಹೀಗೆ ಕೈಗೆ ಕೆಲಸ ಕೊಡೋದು ವಾಸಿ ಅಂತ ನನಗೆ ಈಗಲೂ ಅನ್ನಿಸುತ್ತದೆ.

ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆ ಅಲಂಕಾರ, ನನ್ನ ಜವಾಬ್ದಾರಿ. ಅದಕ್ಕೆ ಹಸಿರು ಗದ್ದೆ ಬೇಕಲ್ಲ, ತೆಂಗಿನ ಗರಟೆಗಳಲ್ಲಿ ಮಣ್ಣು ತುಂಬಿ ರಾಗಿ ಬಿತ್ತಿದ್ದೆ. ಮೊಳಕೆ ಬಂತು, ಎತ್ತರವೂ ಬೆಳೆಯಿತು, ಆದರೆ ಪೂರ್ತಿ ಬಿಳಿಚಿದ ಹಳದಿ. ಕಿಟಕಿಗೆ ಹಗಲೂ ಕಪ್ಪು ಕಾಗದವೇ ಇದ್ದರೆ ಪಾಪ ಅದಾದರೂ ಏನು ಮಾಡೀತು? ಕೆಳಗಿನ ಮನೆಯ ಮರಾಠಿ ಕಾಕು ಉಪಾಯ ಹೇಳಿದರು. ಬೆಳಿಗ್ಗೆ ಗರಟೆಗಳನ್ನೆಲ್ಲ ತಟ್ಟೆಯಲ್ಲಿಟ್ಟು ಟೆರೇಸಿಗೆ ಒಯ್ಯೋದು, ಸಂಜೆ ಇಳಿಸೋದು. ಬಿಸಿಲು ಕಂಡ ಮೇಲೆ ಹಸಿರಾಯಿತು, ಆದರೂ ಬುಡ ಮಾತ್ರ ಹಳದಿಯೇ ಉಳಿಯಿತು.

ಪಪ್ಪನಿಗೆ ಕಾಗದ ಬರೆಯೋದೂ ದಿನಚರಿಯಲ್ಲಿತ್ತು. ವಿಳಾಸ ಅಂದರೆ ಹೆಸರು, ನಂಬರು, ಹಡಗಿನ ಹೆಸರು, ಕೇರಾಫ್ ಫ್ಲೀಟ್ ಮೇಲ್ ಆಫೀಸ್, ಬಾಂಬೆ. ಹಡಗು ಎಲ್ಲೇ ಇರಲಿ, ವಿಳಾಸ ಅದೇ. ಅಂದರೆ ನಾನು ಬೊಂಬಾಯಿಯಿಂದ ಬೊಂಬಾಯಿಗೆ ಬರೆಯುತ್ತಿದ್ದೆ! ಸೈರನ್, ತೋಪು ಇದ್ಯಾವುದೂ ಬೇಡ, ರಾಗಿ ಎಷ್ಟು ಉದ್ದ ಆಯ್ತು ಅಂತ ಬರೆ ಅಂತ ಅಮ್ಮನ ಅಪ್ಪಣೆ. ಬರೆದೆ, ಸ್ಕೇಲಿನಿಂದ ಅಳೆದು.

ಡಿಸೆಂಬರ್ 9ರ ರಾತ್ರಿ ದಿಯು ಬಳಿ ನಮ್ಮ ನೌಕಾಪಡೆಯ ಹಡಗು ಐಎನ್‌ಎಸ್ ಖುಕ್ರಿ ಮುಳುಗಿತು. 18 ಅಧಿಕಾರಿಗಳು, 176 ನಾವಿಕರು ಹೋದರು. ಅದರ ಕ್ಯಾಪ್ಟನ್ ಮುಲ್ಲಾ ಹಡಗು ಬಿಡಲಿಲ್ಲ. ಪಪ್ಪನದು ಬೇರೆ ಹಡಗು, ಆದರೆ ಅದೂ ಅದೇ ಸಮುದ್ರದಲ್ಲಿತ್ತು. ಸುದ್ದಿ ಗೊತ್ತಾದ ದಿನ ಅಮ್ಮ ಒಲೆ ಹಚ್ಚಲಿಲ್ಲ. ಕಾಕು ಊಟ ತಂದುಕೊಟ್ಟರು. ಮಾರನೇ ದಿನ ಅಮ್ಮ ಹಿಟ್ಟು ಕಲಸಲು ಕೂತರು. ಇದರ ಬಗ್ಗೆ ಇದಕ್ಕಿಂತ ಜಾಸ್ತಿ ನಾವು ಯಾವತ್ತೂ ಮಾತಾಡಿಲ್ಲ.

16ರಂದು ಢಾಕಾದಲ್ಲಿ ಪಾಕ್ ಸೇನೆ ಶರಣಾಯಿತು. 17ರ ರಾತ್ರಿ ಎಂಟಕ್ಕೆ ಪಶ್ಚಿಮದಲ್ಲೂ ಗುಂಡು ನಿಂತಿತು. ಕಪ್ಪು ಕಾಗದ ಕಿತ್ತಾಗ ಗಾಜಿಗೆಲ್ಲ ಮೈದಾ ಅಂಟಿನ ಕಲೆ, ತಿಕ್ಕಿ ತಿಕ್ಕಿ ಸಾಕಾಯಿತು. ನಕ್ಷತ್ರವನ್ನು ಬಿದಿರಿನ ಕಡ್ಡಿ ಕಟ್ಟಿ ಮೊದಲೇ ತಯಾರಿಟ್ಟಿದ್ದೆ, ಗಾಳಿಪಟದ ಕಾಗದ ಅಂಟಿಸಿ ಬಲ್ಬ್ ಇಳಿಬಿಟ್ಟು ತೂಗುಹಾಕಿದೆ. ಕ್ರಿಸ್‌ಮಸ್ ಶನಿವಾರ ಬಂತು. ಪೂಜೆಗೆ ಹೋಗಿ ಬಂದು ಕುಸ್ವಾರ್ ತಟ್ಟೆಗಳಿಗೆ ಬಟ್ಟೆ ಮುಚ್ಚಿ ಇಡೀ ಕಟ್ಟಡಕ್ಕೆ ಹಂಚಿದೆ. ಮಧ್ಯಾಹ್ನ ಇಡ್ಲಿಯಂಥ ಸಾನ್ನಾಂ, ಜೊತೆಗೆ ಹಂದಿ ಮಾಂಸದ ಖಾರದ ಸಾರು ಬಫಾತ್. ಯುದ್ಧ ನಿಂತರೂ ಪಪ್ಪನ ಹಡಗು ಬಂದಿರಲಿಲ್ಲ.

ಪಪ್ಪನ ಪಾಲನ್ನು ಡಾಲ್ಡಾ ಡಬ್ಬಿಯಲ್ಲಿ ಎತ್ತಿಟ್ಟಿದ್ದೆವು. ಇದರಲ್ಲೂ ಕ್ರಮ ಇದೆ. ಕರಿದದ್ದು ಪೂರ್ತಿ ಆರಬೇಕು, ಒಂದು ರಾತ್ರಿ ಹಾಗೇ ಬಿಟ್ಟರೆ ಒಳ್ಳೆಯದು. ಚೂರು ಬಿಸಿ ಇದ್ದಾಗ ಮುಚ್ಚಿದರೆ ಒಳಗೆ ಬೆವರಿ ಮೆತ್ತಗಾಗುತ್ತದೆ. ತಳಕ್ಕೆ ಕಾಗದ, ಪದರ ಪದರಕ್ಕೂ ಕಾಗದ, ಮುಚ್ಚಳದ ಸುತ್ತ ಬಟ್ಟೆಯ ಪಟ್ಟಿ. ಚಕ್ಕುಲಿಗೆ ಬೇರೆ ಡಬ್ಬಿ, ಅದರ ಎಣ್ಣೆ ವಾಸನೆ ಕಿಡಿಯೊಗೆ ಹತ್ತಬಾರದು. ನಡುವೆ ತೆಗೆದು ನೋಡೋದಕ್ಕೆ ನನಗೆ ಅನುಮತಿ ಇರಲಿಲ್ಲ.

ಜನವರಿ 6ರ ಮೂರು ರಾಯರ ಹಬ್ಬ ಕಳೆದ ಮೇಲೆ ಗೋದಲಿ ಬಿಚ್ಚೋದು ನಮ್ಮ ಪದ್ಧತಿ. ಆ ವರ್ಷ ಬಿಚ್ಚಲಿಲ್ಲ. ರಾಗಿ ಒಣಗಿ ಹುಲ್ಲಾಯಿತು, ಇರಲಿ ಅಂದರು ಅಮ್ಮ. ಜನವರಿ ಕೊನೆಗೆ ಪಪ್ಪ ಬಂದರು, ತೆಳ್ಳಗಾಗಿದ್ದರು. ಚಕ್ಕುಲಿ ಸ್ವಲ್ಪ ಕನರಿತ್ತು, ಕಿಡಿಯೊ ಚೆನ್ನಾಗಿಯೇ ಇತ್ತು. ಒಂದೊಂದೇ ಎತ್ತಿ ಇದು ಯಾರು ಮಾಡಿದ್ದು ಅಂತ ಕೇಳಿದರು. ದಪ್ಪಗಿದ್ದದ್ದೆಲ್ಲ ನನ್ನದು.

ಮುಂದೆ ನಾನೂ ವ್ಯಾಪಾರಿ ಹಡಗಿಗೆ ಸೇರಿದೆ. ಎಷ್ಟೋ ಕ್ರಿಸ್‌ಮಸ್ ನನ್ನ ಮಕ್ಕಳೂ ಅಪ್ಪ ಇಲ್ಲದೇ ಮಾಡಿದರು. ಹೆಂಡತಿಗೆ ನಾನು ಹೇಳಿಕೊಟ್ಟದ್ದು ಎರಡೇ: ಮಕ್ಕಳಿಗೆ ತಾರೀಖು ಕೊಡಬೇಡ, ಗೋದಲಿ ಕೆಲಸ ಪೂರ್ತಿ ಅವರಿಗೇ ಬಿಡು. ಕಿಡಿಯೊ ಉರುಳಿಸುವಷ್ಟು ಪುರುಸೊತ್ತು ಅವಳಿಗಿರಲಿಲ್ಲ, ಬೇಕರಿಯಿಂದ ತರುತ್ತಿದ್ದಳು. ಮಕ್ಕಳೇನೂ ತಕರಾರು ಮಾಡಲಿಲ್ಲ.