ತೊಳೆದ ಪ್ಯಾನೆಲ್, ತೊಳೆಯದ ಪ್ಯಾನೆಲ್

2024ರ ಫೆಬ್ರವರಿಯಲ್ಲಿ, ಮನೆಯ ಮಾಳಿಗೆಗೆ ಸೋಲಾರ್ ಕೂರಿಸುವವರಿಗೆಂದು ಕೇಂದ್ರ ಸರ್ಕಾರದ ಪಿಎಂ ಸೂರ್ಯಘರ್ ಯೋಜನೆ ಬಂತು. 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಹಾಯಧನ ಎಂದು ತಿಳಿದ ಮೇಲೆ ಕಲಬುರಗಿಯ ನಮ್ಮ ಓಣಿಯಲ್ಲೂ ಸೋಲಾರ್ ಮಾತು ಶುರುವಾಯಿತು. ಕೂರಿಸಲು ಜನ ಸಿಗುತ್ತಿದ್ದರು, ಕೂರಿಸಿದ ಮೇಲೆ ನೋಡಿಕೊಳ್ಳಲು ಸಿಗುತ್ತಿರಲಿಲ್ಲ. ನಾನು ಪಾಲಿಟೆಕ್ನಿಕ್ ಒಂದರಲ್ಲಿ ಎಲೆಕ್ಟ್ರಿಕಲ್ ಪಾಠ ಮಾಡುವವನು. ಆ ಕೆಲಸ ನಮ್ಮ ಹುಡುಗರಿಗೆ ಸಿಗಲಿ ಎಂಬ ಆಸೆಯೇನೋ ಇತ್ತು. ಆದರೆ ನಾನು ಕಲಿಸುತ್ತಿದ್ದದ್ದು 25 ಡಿಗ್ರಿಯ ಲೆಕ್ಕ. ಪ್ಯಾನೆಲ್‌ನ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿರುವ ವ್ಯಾಟ್, ವೋಲ್ಟ್ ಎಲ್ಲವೂ ಸೆಲ್‌ನ ಬಿಸಿ 25 ಡಿಗ್ರಿ ಇದ್ದಾಗಿನವು. ನಮ್ಮೂರಿನ ಏಪ್ರಿಲ್‌ನಲ್ಲಿ ಅಷ್ಟು ತಂಪು ನಡುರಾತ್ರಿಯಲ್ಲೂ ಅಪರೂಪ.

ಕೊನೆಯ ವರ್ಷದ ಆರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು, 335 ವ್ಯಾಟ್‌ನ ಎರಡು ಪ್ಯಾನೆಲ್‌ಗಳನ್ನು ಮಾಳಿಗೆಗೆ ಏರಿಸಿದೆ. ಕಲಬುರಗಿ ಇರುವುದು 17 ಡಿಗ್ರಿ ಅಕ್ಷಾಂಶದಲ್ಲಿ. ಹಾಗಾಗಿ ಅಷ್ಟೇ ಓರೆಯಾಗಿ, ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿಸಿದೆವು. ಒಂದನ್ನು ವಾರಕ್ಕೊಮ್ಮೆ ತೊಳೆಯುವುದು, ಇನ್ನೊಂದನ್ನು ಮುಟ್ಟದಿರುವುದು. ಕೈಯಲ್ಲಿ ವೋಲ್ಟೇಜ್ ನೋಡಲು ಮಲ್ಟಿಮೀಟರ್, ಕರೆಂಟ್ ನೋಡಲು ಕ್ಲ್ಯಾಂಪ್ ಮೀಟರ್, ಬಿಸಿ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್. ಅಷ್ಟೇ ಸಾಮಾನು.

ಧೂಳು ತಿನ್ನುವುದು ಕರೆಂಟನ್ನು, ಬಿಸಿ ತಿನ್ನುವುದು ವೋಲ್ಟೇಜನ್ನು. ಇದನ್ನು ಹತ್ತು ವರ್ಷ ಹಲಗೆಯ ಮೇಲೆ ಬರೆದಿದ್ದೆ, ಕಣ್ಣಾರೆ ಕಂಡದ್ದು ಮಾಳಿಗೆಯ ಮೇಲೆ. ಮಧ್ಯಾಹ್ನ ಪ್ಯಾನೆಲ್ 65 ಡಿಗ್ರಿಗೆ ಕಾದಾಗ, 46 ವೋಲ್ಟ್ ಎಂದು ಚೀಟಿಯಲ್ಲಿದ್ದದ್ದು 40ರ ಆಸುಪಾಸಿಗೆ ಇಳಿಯುತ್ತಿತ್ತು. 25ರ ಮೇಲಿನ ಪ್ರತಿ ಡಿಗ್ರಿಗೆ ವ್ಯಾಟ್ ಶೇ 0.38ರಂತೆ ಇಳಿಯುತ್ತದೆ ಎಂದು ಲೆಕ್ಕ ಹಾಕಿದರೆ 335 ವ್ಯಾಟ್‌ನಲ್ಲಿ 50 ವ್ಯಾಟ್ ಬಿಸಿಗೇ ಹೋಯಿತು. ಹೆಚ್ಚು ಬಿಸಿಲಿದ್ದರೆ ಹೆಚ್ಚು ಕರೆಂಟು ಎಂದು ನಂಬಿದ್ದ ಹುಡುಗರು ಅಂದು ಮೀಟರನ್ನೇ ಅನುಮಾನಿಸಿದರು.

ಒಬ್ಬ ಹುಡುಗ ಮಾತ್ರ ಮೊದಲ ದಿನವೇ ತಕರಾರು ತೆಗೆದಿದ್ದ. "ಸರ್, ಎರಡೂ ಹೊಸವು, ಆದರೂ ಒಂದೇ ಅಂಕಿ ಬರುತ್ತಿಲ್ಲವಲ್ಲ?" ನನಗೆ ಅದು ಹೊಳೆದೇ ಇರಲಿಲ್ಲ. ಒಂದು ವಾರ ಎರಡನ್ನೂ ಒರೆಸಿಟ್ಟು, ಅವುಗಳ ಹುಟ್ಟು ವ್ಯತ್ಯಾಸವನ್ನು ಬರೆದುಕೊಂಡ ಮೇಲೆಯೇ ನಿಜವಾದ ಕೆಲಸ ಶುರುವಾದದ್ದು.

ಎಡವಿದ್ದು ತೊಳೆಯುವುದರಲ್ಲಿ. ಬೋರ್‌ವೆಲ್ ನೀರು, ಅದೂ ಊಟದ ಬಿಡುವಿನಲ್ಲಿ. ಮೂರನೆಯ ವಾರದ ಹೊತ್ತಿಗೆ ತೊಳೆದ ಪ್ಯಾನೆಲ್‌ನ ಕರೆಂಟ್ ತೊಳೆಯದ ಪ್ಯಾನೆಲ್‌ನ ಸಮಕ್ಕೆ ಬಂದು ನಿಂತಿತು. ತಂತಿ ಸರಿಯಾಗಿ ಜೋಡಿಸಿಲ್ಲ ಎಂದು ಒಬ್ಬನನ್ನು ಗದರಿಯೂ ಬಿಟ್ಟೆ. ಆಮೇಲೆ ಒಬ್ಬ ಹುಡುಗಿ ಗಾಜಿನ ಮೇಲೆ ಉಗುರು ಎಳೆದು ತೋರಿಸಿದಳು: ಬಿಳಿ ಪೊರೆ. ನಮ್ಮ ಮನೆಯ ಬಕೆಟ್, ನಲ್ಲಿ, ಸ್ಟೀಲ್ ಲೋಟಗಳಲ್ಲೆಲ್ಲ ಕಟ್ಟುವ ಅದೇ ಸುಣ್ಣ. ಕಾದ ಗಾಜಿನ ಮೇಲೆ ಗಡಸು ನೀರು ಹರಿದು ಹೋಗುವ ಮೊದಲೇ ಆರಿ, ಉಪ್ಪನ್ನು ಅಲ್ಲೇ ಬಿಟ್ಟಿತ್ತು. ಅಷ್ಟು ಕಾದ ಗಾಜಿಗೆ ತಣ್ಣೀರು ಹಾಕಿದರೆ ಬಿರುಕು ಬಿಡುವ ಅಪಾಯವೂ ಇದೆ. ಮೇಷ್ಟ್ರಾದ ನಾನು ಇದನ್ನು ಮೊದಲೇ ಯೋಚಿಸಬೇಕಿತ್ತು. ನೀರು ಬೆರೆಸಿದ ವಿನೆಗರ್‌ನಲ್ಲಿ ಮೆತ್ತನೆ ಬಟ್ಟೆ ಅದ್ದಿ ಪೊರೆ ತೆಗೆದೆವು. ಗದರಿಸಿಕೊಂಡವನಿಗೆ ಚಹಾ ಕುಡಿಸಿದೆ. ಅಲ್ಲಿಂದ ಮುಂದೆ ಆರ್‌ಒ ನೀರು, ಸೂರ್ಯ ಏಳುವ ಹೊತ್ತು, ಕೊನೆಗೆ ರಬ್ಬರ್ ವೈಪರ್.

ಮಾಳಿಗೆಯ ಮೇಲೆ ಕಲಿತದ್ದನ್ನು ಹಿಡಿದು ಪರಿಚಯದ ದಾಲ್ ಮಿಲ್‌ಗೆ ಹೋದೆವು. ತೊಗರಿ ಒಡೆಯುವ ಊರಿನಲ್ಲಿ ಮಾಳಿಗೆಯ ಧೂಳು ಬರೀ ಎರೆಮಣ್ಣಲ್ಲ, ಹೊಟ್ಟಿನ ಪುಡಿಯೂ ಹೌದು. ಎಲ್ಲ ಪ್ಯಾನೆಲ್‌ಗಳನ್ನೂ ವಾರಕ್ಕೆ ಎರಡು ಸಲ ತೊಳೆಸಿ ಸಾಹುಕಾರರು ಬೇಸತ್ತಿದ್ದರು. ಹುಡುಗರು ಒಂದೊಂದರದೇ ಕರೆಂಟ್ ಅಳೆದರು. ಹೊಟ್ಟು ಹಾರುವ ಫ್ಯಾನ್ ಕಡೆಯ ಆರು ಮಾತ್ರ ಮಂಕಾಗಿದ್ದವು. ಸಾಲಾಗಿ ಜೋಡಿಸಿದ ಪ್ಯಾನೆಲ್‌ಗಳಲ್ಲಿ ಹರಿಯುವುದು ಒಂದೇ ಕರೆಂಟ್. ಮಂಕಾದ ಒಂದು ಇಡೀ ಸಾಲನ್ನು ಹಿಂದಕ್ಕೆಳೆಯುತ್ತದೆ. "ಈ ಆರನ್ನು ವಾರಕ್ಕೊಮ್ಮೆ ತೊಳೆಯಿರಿ, ಉಳಿದವುಗಳಿಗೆ ತಿಂಗಳಿಗೊಮ್ಮೆ ಸಾಕು ಸಾಹುಕಾರರೇ" ಎಂದು ಹುಡುಗಿಯೇ ಹೇಳಿದಳು. ಅವರು ನನ್ನತ್ತ ನೋಡಿದರು. ನಾನು ಸುಮ್ಮನಿದ್ದೆ.

ಈಗ ಆ ವಿದ್ಯಾರ್ಥಿಗಳಲ್ಲಿ ಇಬ್ಬರು ಇದೇ ಜಿಲ್ಲೆಯಲ್ಲಿ ಪ್ಯಾನೆಲ್ ದೇಖರೇಖಿಯ ಕೆಲಸ ಮಾಡುತ್ತಾರೆ. ಸಾಹುಕಾರರೂ ಆರ್‌ಒ ನೀರನ್ನೇ ಬಳಸುತ್ತಿದ್ದಾರೆ. ಭಾನುವಾರ ಮಾತ್ರ, ಆಳುಗಳು ಬರುವುದೇ ತಡವೆಂದು, ನಡುಮಧ್ಯಾಹ್ನ ಪೈಪ್ ಹಿಡಿಸುತ್ತಾರಂತೆ. ಆ ದಿನ ನಾನು ಅತ್ತ ಹೋಗುವುದಿಲ್ಲ.