ಸೀಟಿನ ಕೆಳಗಿನ ಹಸಿರು ದೀಪ: ವಿಮಾನದಲ್ಲಿ ಲ್ಯಾಪ್‌ಟಾಪ್ ಓಡಿಸಿದ ನನ್ನ ಅನುಭವ

ಹತ್ತು ಗಂಟೆಯ ವಿಮಾನ ಪ್ರಯಾಣ. ಇಳಿದ ಮೂರು ಗಂಟೆಯೊಳಗೆ ಒಂದು ಅನುವಾದ ಕಳಿಸಬೇಕಿತ್ತು. ಇನ್ನೂ ನಲವತ್ತು ಪುಟ ಬಾಕಿ. ಲ್ಯಾಪ್‌ಟಾಪಿನ ಬ್ಯಾಟರಿ ಶೇಕಡಾ 18ಕ್ಕೆ ಇಳಿದಿತ್ತು. ಆದರೂ ನನಗೆ ಚಿಂತೆ ಇರಲಿಲ್ಲ. ಟಿಕೆಟ್ ಮಾಡಿಸುವಾಗಲೇ ಸೀಟಿನಲ್ಲಿ ಪವರ್ ಇದೆ ಅಂತ ನೋಡಿಕೊಂಡಿದ್ದೆ. ಏರ್‌ಪೋರ್ಟಿನಲ್ಲಿ ಎರಡು ಗಂಟೆ ಸುಮ್ನೆ ಕೂತಿದ್ದರೂ ಚಾರ್ಜಿಗೆ ಹಾಕಲಿಲ್ಲ. ಹೇಗೂ ಒಳಗೆ ಹಾಕಿಕೊಂಡರಾಯಿತು ಅನ್ನುವ ಧೈರ್ಯ.

ವಿಮಾನ ಮೇಲೇರಿತು, ಸೀಟ್ ಬೆಲ್ಟ್ ದೀಪ ಆರಿತು. ಬಗ್ಗಿ ಹುಡುಕಿದಾಗ ಎರಡು ಸೀಟುಗಳ ನಡುವೆ, ಮೊಣಕಾಲಿನ ಹಿಂದೆ ಸಾಕೆಟ್ ಸಿಕ್ಕಿತು. ಪ್ಲಗ್ ಹಾಕಿದೆ. ಸಾಕೆಟ್ ಪಕ್ಕದ ಸಣ್ಣ ಹಸಿರು ದೀಪ ಹೊತ್ತಿಕೊಂಡಿತು. ಲ್ಯಾಪ್‌ಟಾಪಿನಲ್ಲಿ ಚಾರ್ಜ್ ಆಗುತ್ತಿರುವ ಗುರುತು ಬಂತು. ಹತ್ತು ಸೆಕೆಂಡ್ ಕಳೆದಿರಬೇಕು ಅಷ್ಟೇ. ದೀಪ ಆರಿತು, ಗುರುತೂ ಹೋಯಿತು.

ಪ್ಲಗ್ ಸಡಿಲ ಇರಬೇಕು ಅಂದುಕೊಂಡು ಒತ್ತಿ ಹಾಕಿದೆ. ಮತ್ತೆ ಹಸಿರು, ಮತ್ತೆ ಹತ್ತು ಸೆಕೆಂಡ್, ಮತ್ತೆ ಕತ್ತಲೆ. ಪರದೆಯ ಬೆಳಕು ತಗ್ಗಿಸಿದೆ. ವೈಫೈ ಆಫ್ ಮಾಡಿದೆ. ಏನೂ ಆಗಲಿಲ್ಲ. ಕೊನೆಗೆ ಗಗನಸಖಿಯನ್ನು ಕರೆದೆ. "ಒಂದು ನಿಮಿಷ ಇರಿ, ರೀಸೆಟ್ ಮಾಡಿ ನೋಡ್ತೀನಿ" ಅಂದರು. ಅವರ ಕಡೆಯ ಪ್ಯಾನೆಲ್‌ನಿಂದ ಅದನ್ನು ಮಾಡಲು ಬರುತ್ತದೆ. ಮಾಡಿದರು ಕೂಡ. ಮತ್ತೆ ಅದೇ ಹತ್ತು ಸೆಕೆಂಡ್.

ಪಕ್ಕದಲ್ಲಿದ್ದ ಹಿರಿಯರು ತಮ್ಮ ಸಾಕೆಟ್ಟಿಗೆ ಫೋನ್ ಹಾಕಿಕೊಂಡಿದ್ದರು. ನನ್ನ ಪಾಡು ನೋಡಿ, "ನಂದರಲ್ಲಿ ಹಾಕಿ ನೋಡಿ" ಅಂತ ತಮ್ಮ ಪ್ಲಗ್ ಕಿತ್ತು ಜಾಗ ಬಿಟ್ಟುಕೊಟ್ಟರು. ಅಲ್ಲೂ ನನ್ನ ಲ್ಯಾಪ್‌ಟಾಪ್ ನಿಲ್ಲಲಿಲ್ಲ. ಅವರ ಫೋನ್ ವಾಪಸ್ ಹಾಕಿದರೆ ಆರಾಮಾಗಿ ಚಾರ್ಜ್ ಆಗುತ್ತಿತ್ತು. ಅಂದರೆ ಸಾಕೆಟ್ ಕೆಟ್ಟಿರಲಿಲ್ಲ. ಅಷ್ಟು ಹೊತ್ತಿಗೆ ನನ್ನ ಬ್ಯಾಟರಿ ಮುಗಿಯುತ್ತಾ ಬಂದಿತ್ತು. ಉಳಿದ ಪುಟಗಳನ್ನು ನೋಟ್‌ಬುಕ್ಕಿನಲ್ಲಿ ಪೆನ್ನಿನಿಂದ ಬರೆದೆ. ಇಳಿದ ಮೇಲೆ ಟೈಪ್ ಮಾಡಿ, ಹೇಳಿದ್ದಕ್ಕಿಂತ ಆರು ಗಂಟೆ ತಡವಾಗಿ ಕಳಿಸಿದೆ. ಕೊಟ್ಟ ಮಾತು ತಪ್ಪಿದ್ದು ತುಂಬಾ ದಿನ ಮನಸ್ಸಿನಲ್ಲಿ ಕೊರೆಯುತ್ತಿತ್ತು. ಹಾಗಾಗಿಯೇ ಇದನ್ನು ಬುಡದಿಂದ ಅರ್ಥ ಮಾಡಿಕೊಳ್ಳಬೇಕು ಅಂತ ಕೂತೆ.

ಮನೆಯಲ್ಲಿ ಗೋಡೆಯ ಸಾಕೆಟ್ಟಿಗೂ ಚಾರ್ಜರಿಗೂ ನಡುವೆ ಒಂದು ವ್ಯಾಟ್ ಮೀಟರ್ ಇಟ್ಟೆ. ಎಷ್ಟು ಕರೆಂಟು ಎಳೆಯುತ್ತಿದೆ ಅಂತ ತೋರಿಸುವ ಸಣ್ಣ ಸಾಧನ ಅದು. ನನ್ನ ಚಾರ್ಜರ್ ಮೇಲೆ 90 ವ್ಯಾಟ್ ಅಂತ ಬರೆದಿತ್ತು. ಬ್ಯಾಟರಿಯನ್ನು ಬೇಕಂತಲೇ ಶೇಕಡಾ 18ರ ತನಕ ಖಾಲಿ ಮಾಡಿ ಹಾಕಿದೆ. ಮೀಟರ್ 100ರ ಹತ್ತಿರ ತೋರಿಸಿತು. ಚಾರ್ಜರ್ ಮೇಲೆ ಬರೆದಿರುವುದು ಅದು ಹೊರಗೆ ಕೊಡುವ ಲೆಕ್ಕ. ಒಳಗೆ ಬಿಸಿಯಾಗಿ ಹೋಗುವುದೂ ಸೇರಿದರೆ ಗೋಡೆಯಿಂದ ಎಳೆಯುವುದು ಇನ್ನೂ ಜಾಸ್ತಿ.

ಬ್ಯಾಟರಿ ತುಂಬಿದ ಮೇಲೆ ಮತ್ತೆ ನೋಡಿದೆ. ಅದೇ ಚಾರ್ಜರ್, ಅದೇ ಲ್ಯಾಪ್‌ಟಾಪ್, ಅದೇ ಟೈಪಿಂಗ್ ಕೆಲಸ. ಮೀಟರಿನಲ್ಲಿ 17, 18, ಕೆಲವೊಮ್ಮೆ 22. ನಾನು ಸ್ವಲ್ಪ ಹೊತ್ತು ಅದನ್ನೇ ನೋಡುತ್ತಾ ಕೂತೆ. ಕೆಲಸ ಮಾಡಲು ಲ್ಯಾಪ್‌ಟಾಪಿಗೆ ಬೇಕಾದದ್ದು ಬರೀ 20 ವ್ಯಾಟ್! ಉಳಿದ 80 ವ್ಯಾಟ್ ಹಸಿದ ಬ್ಯಾಟರಿಯ ಹೊಟ್ಟೆಗೆ ಹೋಗುತ್ತಿತ್ತು. ವಿಮಾನದಲ್ಲಿ ಪರದೆಯ ಬೆಳಕು ತಗ್ಗಿಸಿ ನಾನು ಉಳಿಸಿದ್ದು ಎರಡೋ ಮೂರೋ ವ್ಯಾಟ್. ಅದರಿಂದ ಏನಾಗಬೇಕು?

ಇನ್ನು ವಿಮಾನದ ಕಡೆ. ಹೆಚ್ಚಿನ ಜೆಟ್ ವಿಮಾನಗಳಲ್ಲಿ ಇಂಜಿನ್‌ನಿಂದ ತಿರುಗುವ ಜನರೇಟರಿನಿಂದ 115 ವೋಲ್ಟ್, 400 ಹರ್ಟ್ಸ್ ಕರೆಂಟು ಬರುತ್ತದೆ. ಹರ್ಟ್ಸ್ ಅಂದರೆ ಕರೆಂಟು ಸೆಕೆಂಡಿಗೆ ಎಷ್ಟು ಸಲ ಹಿಂದೆ ಮುಂದೆ ಆಗುತ್ತದೆ ಅನ್ನುವ ಲೆಕ್ಕ. ನಮ್ಮ ಮನೆಗಳಿಗೆ ಬರುವುದು 50 ಅಥವಾ 60 ಹರ್ಟ್ಸ್. 400 ಯಾಕೆ ಅಂದರೆ, ಆಗ ಟ್ರಾನ್ಸ್‌ಫಾರ್ಮರ್, ಮೋಟಾರ್ ಎಲ್ಲ ಚಿಕ್ಕದಾಗಿ ಹಗುರವಾಗಿ ಮಾಡಬಹುದು. ವಿಮಾನದಲ್ಲಿ ಒಂದೊಂದು ಕಿಲೋ ಭಾರಕ್ಕೂ ಬೆಲೆ ಇದೆ ಅಲ್ವಾ. ಅದನ್ನು ನಮ್ಮ ಚಾರ್ಜರಿಗೆ ಒಗ್ಗುವ 110 ವೋಲ್ಟ್, 60 ಹರ್ಟ್ಸ್‌ಗೆ ತಿರುಗಿಸುವ ಡಬ್ಬಿ ಸೀಟಿನ ಕೆಳಗೇ ಇರುತ್ತದೆ. ಕಾಲು ಚಾಚಿದಾಗ ತಾಗುವ ಆ ಗಟ್ಟಿ ಪೆಟ್ಟಿಗೆ ಎಷ್ಟೋ ಸಲ ಅದೇ. ಒಂದೇ ಡಬ್ಬಿ ಎರಡು ಮೂರು ಸೀಟುಗಳಿಗೆ ಹಂಚಬೇಕು. ಅದಕ್ಕೇ ಪ್ರತಿ ಸಾಕೆಟ್ಟಿಗೂ ಒಂದು ಮಿತಿ. ಹೊಸ ವಿಮಾನಗಳಲ್ಲಿ ಮಿತಿ ಜಾಸ್ತಿ ಇರಬಹುದು, ಆದರೆ ನಾನು ಮನಸ್ಸಿನಲ್ಲಿ ಇಟ್ಟುಕೊಳ್ಳುವ ಲೆಕ್ಕ 75 ವ್ಯಾಟ್. ಮಿತಿ ದಾಟಿದರೆ ಡಬ್ಬಿ ತನ್ನನ್ನು ತಾನು ಕಾಪಾಡಿಕೊಳ್ಳಲು ಕರೆಂಟು ಕಡಿದುಬಿಡುತ್ತದೆ. ಹಸಿರು ದೀಪ ಆರಿದ್ದು ಅದಕ್ಕೇ. ಕೆಟ್ಟು ಹೋಗಿದೆ ಅಂತ ನಾನು ದೂರಿದ ಸಾಕೆಟ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು.

ಈ 75 ವ್ಯಾಟ್ ಲೆಕ್ಕ ಹಳೆಯದು. 1990ರ ದಶಕದಲ್ಲಿ ಸೀಟುಗಳಿಗೆ ಮೊದಲು ಬಂದದ್ದು ಎಂಪವರ್ ಅನ್ನುವ ವ್ಯವಸ್ಥೆ. ಅದರಲ್ಲಿ ಸಿಗುತ್ತಿದ್ದದ್ದು 15 ವೋಲ್ಟ್ ಡಿಸಿ, ಅಂದರೆ ಒಂದೇ ದಿಕ್ಕಿನಲ್ಲಿ ಹರಿಯುವ ಕರೆಂಟು, ಅದೂ 75 ವ್ಯಾಟ್ ತನಕ. ಅದಕ್ಕೆ ಬೇರೆಯೇ ಆಕಾರದ ಸಣ್ಣ ಪಿನ್ ಬೇಕಾಗುತ್ತಿತ್ತು, ಮನೆಯ ಪ್ಲಗ್ ಹೋಗುತ್ತಿರಲಿಲ್ಲ. ಆ ಪಿನ್ನಿಗೆಂದೇ ಆ್ಯಪಲ್ ಕಂಪನಿ ಮ್ಯಾಕ್‌ಬುಕ್‌ಗಳಿಗೆ ಒಂದು ಏರ್‌ಲೈನ್ ಅಡಾಪ್ಟರ್ ಮಾರುತ್ತಿತ್ತು. ಅದು ಲ್ಯಾಪ್‌ಟಾಪ್ ಓಡಿಸುತ್ತಿತ್ತು, ಬ್ಯಾಟರಿಯನ್ನು ಮಾತ್ರ ಚಾರ್ಜ್ ಮಾಡುತ್ತಿರಲಿಲ್ಲ. ಬ್ಯಾಟರಿ ಕಳಚಲು ಬರುತ್ತಿದ್ದ ಕಾಲದಲ್ಲಿ ಅನುಭವ ಇದ್ದವರು ಅದನ್ನು ತೆಗೆದಿಟ್ಟು, ಬರೀ ಚಾರ್ಜರ್ ಮೇಲೆ ಕೆಲಸ ಮಾಡುತ್ತಿದ್ದರು. ನಾನು ಮೀಟರ್ ಇಟ್ಟು ಕಂಡುಕೊಂಡದ್ದು ಅವರಿಗೆ ಆಗಲೇ ಗೊತ್ತಿತ್ತು. ವಿಮಾನದ ಸಾಕೆಟ್ ಇರುವುದು ಲ್ಯಾಪ್‌ಟಾಪ್ ಓಡಿಸುವುದಕ್ಕೆ, ಖಾಲಿ ಬ್ಯಾಟರಿ ತುಂಬಿಸುವುದಕ್ಕಲ್ಲ.

ಈಗಿನ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಬ್ಯಾಟರಿ ಕಳಚಲು ಬರುವುದಿಲ್ಲ. ಆದರೆ ಅದೇ ಉಪಾಯವನ್ನು ಸೆಟ್ಟಿಂಗ್‌ನಲ್ಲಿ ಮಾಡಬಹುದು, ಇದು ನನಗೆ ತುಂಬಾ ಸಹಾಯ ಮಾಡಿದೆ. ಬ್ಯಾಟರಿ ಬಾಳಿಕೆ ಬರಲಿ ಅಂತ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಚಾರ್ಜ್ ಶೇಕಡಾ 80ಕ್ಕೋ 60ಕ್ಕೋ ನಿಲ್ಲಿಸುವ ಆಯ್ಕೆ ಇದೆ. ಬ್ಯಾಟರಿ 90ರಲ್ಲಿರುವಾಗ ಮಿತಿಯನ್ನು 80ಕ್ಕೆ ಇಟ್ಟರೆ ಬ್ಯಾಟರಿಗೆ ಹೊಸದಾಗಿ ಒಂದು ಹನಿಯೂ ಹೋಗುವುದಿಲ್ಲ. ಚಾರ್ಜರ್ ಯಂತ್ರವನ್ನಷ್ಟೇ ಓಡಿಸುತ್ತದೆ. ಮನೆಯಲ್ಲಿ ಮೀಟರ್ ಇಟ್ಟು ನೋಡಿದೆ, ಅದೇ 20 ವ್ಯಾಟ್. ಬ್ಯಾಟರಿ ಕಳಚಿಟ್ಟಷ್ಟೇ ಸರಿ. ವಿಮಾನ ಹತ್ತುವ ಮೊದಲೇ ಈ ಸೆಟ್ಟಿಂಗ್ ಎಲ್ಲಿದೆ ಅಂತ ಹುಡುಕಿಟ್ಟುಕೊಳ್ಳಿ. ಕೆಲವು ಕಂಪನಿಗಳು ತಮ್ಮದೇ ಆ್ಯಪ್ ಒಳಗೆ ಅದನ್ನು ಇಟ್ಟಿರುತ್ತವೆ, ಇಂಟರ್ನೆಟ್ ಇಲ್ಲದ ಕಡೆ ಅದನ್ನು ಇಳಿಸಿಕೊಳ್ಳಲು ಆಗುವುದಿಲ್ಲ.

ಎರಡನೆಯದು ಚಾರ್ಜರ್. ನನ್ನ ಲ್ಯಾಪ್‌ಟಾಪ್ ಯುಎಸ್‌ಬಿ-ಸಿ ಮೂಲಕವೂ ಚಾರ್ಜ್ ಆಗುತ್ತದೆ. ಹಾಗಾಗಿ ಪ್ರಯಾಣಕ್ಕೆಂದೇ 45 ವ್ಯಾಟಿನ ಒಂದು ಚಿಕ್ಕ ಚಾರ್ಜರ್ ಇಟ್ಟುಕೊಂಡೆ. ಹಾಕಿದಾಗ "ಚಾರ್ಜರ್ ನಿಧಾನ ಇದೆ" ಅನ್ನುವ ಎಚ್ಚರಿಕೆ ಬರುತ್ತದೆ. ಬರಲಿ, ನಿಧಾನವೇ ನನಗೆ ಬೇಕಾದದ್ದು. ಲ್ಯಾಪ್‌ಟಾಪ್ ಎಷ್ಟೇ ಹಸಿದಿದ್ದರೂ ಈ ಚಾರ್ಜರ್ ಅದಕ್ಕೆ 45ರ ಮೇಲೆ ಕೊಡುವುದಿಲ್ಲ. ಗೋಡೆಯ ಕಡೆ ಮೀಟರ್ 51 ದಾಟಲಿಲ್ಲ. ಖಾಲಿ ಬ್ಯಾಟರಿ ಇಟ್ಟುಕೊಂಡು ಹತ್ತಬೇಕಾದ ಅನಿವಾರ್ಯ ಬಂದರೂ ಇದು ಕೈ ಹಿಡಿಯುತ್ತದೆ. 65 ವ್ಯಾಟಿನ ಚಾರ್ಜರ್ ಕೂಡ ಆಗಬಹುದು, ಆದರೆ ಪೂರ್ತಿ ಎಳೆಯುವಾಗ ಅದು ಸುಮಾರು 75ರ ಗಡಿಯಲ್ಲೇ ನಿಲ್ಲುತ್ತದೆ. ಗೇಮಿಂಗ್ ಲ್ಯಾಪ್‌ಟಾಪಿನ ಇಟ್ಟಿಗೆಯಂಥ ಚಾರ್ಜರನ್ನು ಹೊತ್ತುಕೊಂಡು ಹೋಗಿ ಪ್ರಯೋಜನ ಇಲ್ಲ.

ಸೀಟಿನಲ್ಲಿರುವ ಯುಎಸ್‌ಬಿ ತೂತುಗಳ ಬಗ್ಗೆಯೂ ಹೇಳಬೇಕು. ಹಳೆಯ ಚಪ್ಪಟೆ ಯುಎಸ್‌ಬಿ ಸಾಮಾನ್ಯವಾಗಿ 5 ವೋಲ್ಟ್‌ನಲ್ಲಿ ಹತ್ತು ವ್ಯಾಟ್ ಆಸುಪಾಸು ಕೊಡುತ್ತದೆ. ಫೋನಿಗೆ ಸಾಕು, ಲ್ಯಾಪ್‌ಟಾಪಿಗೆ ಆಗುವುದಿಲ್ಲ. ಹೊಸ ಸೀಟುಗಳ ಯುಎಸ್‌ಬಿ-ಸಿ ಕೆಲವು ಕಡೆ 60 ವ್ಯಾಟ್ ತನಕ ಕೊಡುತ್ತದೆ, ಕೆಲವು ಕಡೆ 15ಕ್ಕೇ ನಿಲ್ಲುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ. ಹಾಗಾಗಿ ನಾನು ಅದನ್ನೇ ನಂಬಿಕೊಂಡು ಹೋಗುವುದಿಲ್ಲ.

ತಯಾರಿ ಸರಿಯಾದ ಮೇಲೆ ಮತ್ತೊಂದು ರಾತ್ರಿ ಪ್ರಯಾಣ ಬಂತು. ಈ ಸಲ ಗೇಟಿನ ಹತ್ತಿರವೇ ಪೂರ್ತಿ ಚಾರ್ಜ್ ಮಾಡಿಕೊಂಡೆ. ವಿಮಾನ ಮೇಲೇರಿ ಸ್ವಲ್ಪ ಹೊತ್ತಿನ ತನಕ ಸಾಕೆಟ್‌ನಲ್ಲಿ ದೀಪ ಇರಲಿಲ್ಲ. ಏರುವಾಗ, ಇಳಿಯುವಾಗ ಸೀಟಿನ ಪವರ್ ಆಫ್ ಇಡುವ ಕ್ರಮ ಹಲವು ಕಡೆ ಇದೆ, ಅದಕ್ಕೆ ಗಾಬರಿ ಬೇಡ. ದೀಪ ಬಂದ ಮೇಲೆ ಮೊದಲು ಬರೀ ಚಾರ್ಜರನ್ನು ಸಾಕೆಟ್ಟಿಗೆ ಹಾಕಿದೆ. ಹಸಿರು ನಿಂತಿದೆ ಅಂತ ಖಾತ್ರಿ ಮಾಡಿಕೊಂಡು ಆಮೇಲೆ ಲ್ಯಾಪ್‌ಟಾಪಿಗೆ ಚುಚ್ಚಿದೆ. ಚಾರ್ಜರನ್ನು ಹಾಕಿದ ಕ್ಷಣದಲ್ಲಿ ಅದರೊಳಗಿನ ಕೆಪಾಸಿಟರ್ (ಕರೆಂಟನ್ನು ಸ್ವಲ್ಪ ಹೊತ್ತು ಹಿಡಿದಿಡುವ ಭಾಗ) ತುಂಬಲು ಕರೆಂಟು ಒಮ್ಮೆಲೇ ನುಗ್ಗುತ್ತದೆ. ಅದರ ಜೊತೆಗೆ ಲ್ಯಾಪ್‌ಟಾಪಿನ ಭಾರವೂ ಒಟ್ಟಿಗೇ ಬೀಳುವುದು ಬೇಡ ಅನ್ನುವುದಷ್ಟೇ ಇದರ ಹಿಂದಿನ ಯೋಚನೆ. ಹತ್ತು ಸೆಕೆಂಡ್ ಕಳೆಯಿತು. ಒಂದು ನಿಮಿಷ ಕಳೆಯಿತು. ದೀಪ ಉರಿಯುತ್ತಲೇ ಇತ್ತು. ಆ ಖುಷಿ ಈಗಲೂ ನೆನಪಿದೆ.

ಪ್ಲಗ್ ಹಾಕುವ ರೀತಿಯೂ ಮುಖ್ಯ. ಕೆಲವು ಸಾಕೆಟ್‌ಗಳಲ್ಲಿ ಎರಡೂ ಪಿನ್ ಒಟ್ಟಿಗೆ ಒಳಗೆ ಹೋದರೆ ಮಾತ್ರ ಕರೆಂಟು ಬರುತ್ತದೆ. ಮಕ್ಕಳು ಏನಾದರೂ ತೂರಿಸಿದರೆ ಅಪಾಯ ಆಗಬಾರದು ಅಂತ ಆ ಏರ್ಪಾಟು. ಅಲುಗಾಡಿಸುತ್ತಾ ಒಂದೊಂದೇ ಪಿನ್ ತಳ್ಳಿದರೆ ಅದು ಒಪ್ಪುವುದಿಲ್ಲ. ನೇರವಾಗಿ, ಒಂದೇ ಸಲಕ್ಕೆ ಒತ್ತಬೇಕು. ಎಲ್ಲ ದೇಶದ ಪ್ಲಗ್ಗಿಗೂ ಹೊಂದುವಂತೆ ಮಾಡಿರುವ ಸಾಕೆಟ್ ಆದ್ದರಿಂದ ಯಾವುದನ್ನೂ ಅಷ್ಟು ಗಟ್ಟಿಯಾಗಿ ಹಿಡಿಯುವುದಿಲ್ಲ. ದಿನಾ ನೂರಾರು ಜನ ಬಳಸಿ ಸವೆದಿರುತ್ತದೆ ಬೇರೆ. ನನ್ನ ಅನುಭವದಲ್ಲಿ ಚಪ್ಪಟೆ ಎರಡು ಪಿನ್ನಿನ ಪ್ಲಗ್ ಚೆನ್ನಾಗಿ ನಿಲ್ಲುತ್ತದೆ, ಉರುಟು ಪಿನ್ ಜಾರುತ್ತದೆ. ಭಾರದ ಚಾರ್ಜರ್ ನೇರವಾಗಿ ಸಾಕೆಟ್ಟಿನಲ್ಲೇ ನೇತಾಡಿದರೆ ಬೀಳುವುದು ಖಂಡಿತ. ಅದಕ್ಕೇ ಸಾಕೆಟ್ಟಿಗೂ ಚಾರ್ಜರಿಗೂ ನಡುವೆ ಸಣ್ಣ ವೈರ್ ಇರುವಂಥದ್ದನ್ನು ಒಯ್ಯುತ್ತೇನೆ. ಚಾರ್ಜರ್ ನೆಲದ ಮೇಲೆ ಅಥವಾ ಸೀಟಿನ ಪಕ್ಕ ತೆರೆದ ಜಾಗದಲ್ಲಿ ಇರಲಿ. ಕಂಬಳಿಯೊಳಗೆ, ದಿಂಬಿನ ಕೆಳಗೆ ಇಡಬೇಡಿ, ಬಿಸಿಯಾಗುತ್ತದೆ.

ಇನ್ನೊಂದು ವಿಷಯ ನಿಧಾನವಾಗಿ ಗೊತ್ತಾಯಿತು. ಊಟ ಮುಗಿದ ಮೇಲೆ ಎಲ್ಲರೂ ಒಟ್ಟಿಗೇ ಪ್ಲಗ್ ಹಾಕುತ್ತಾರೆ. ಒಟ್ಟು ಬಳಕೆ ಮಿತಿಗೆ ಬಂದಾಗ ಕೆಲವು ವ್ಯವಸ್ಥೆಗಳು ಆಗಲೇ ಓಡುತ್ತಿರುವ ಸಾಕೆಟ್‌ಗಳನ್ನು ಹಾಗೇ ಬಿಟ್ಟು, ಹೊಸದಾಗಿ ಹಾಕಿದವರಿಗೆ ಕರೆಂಟು ಕೊಡುವುದಿಲ್ಲ. ಹಾಗಾಗಿ ನಾನು ಬೇಗ ಹಾಕುತ್ತೇನೆ. ಪಕ್ಕದವರು ಎದ್ದು ಹೋಗಬೇಕಾದಾಗ ಲ್ಯಾಪ್‌ಟಾಪಿನ ಕಡೆಯ ತುದಿ ಮಾತ್ರ ತೆಗೆದು ವೈರ್ ಸುತ್ತಿಡುತ್ತೇನೆ, ಸಾಕೆಟ್ ಕಡೆ ಮುಟ್ಟುವುದಿಲ್ಲ. ಅಕಸ್ಮಾತ್ ದೀಪ ಆರಿದರೆ ಪೂರ್ತಿ ಕಿತ್ತು, ಒಂದೆರಡು ನಿಮಿಷ ಬಿಟ್ಟು ಮತ್ತೆ ಹಾಕುತ್ತೇನೆ. ಆಗಲೂ ಬರದಿದ್ದರೆ ಆಗ ಮಾತ್ರ ಸಿಬ್ಬಂದಿಯನ್ನು ಕೇಳುತ್ತೇನೆ.

ಪವರ್ ಬ್ಯಾಂಕ್ ಒಯ್ದರೆ ಆಗಲ್ವಾ ಅಂತ ಕೇಳುವವರಿದ್ದಾರೆ. ಒಯ್ಯಬಹುದು, ಆದರೆ ಕೈಚೀಲದಲ್ಲಿ ಮಾತ್ರ, ಚೆಕ್‌ಇನ್ ಸಾಮಾನಿನಲ್ಲಿ ಹಾಕುವಂತಿಲ್ಲ. 100 ವ್ಯಾಟ್-ಅವರ್ (ಬ್ಯಾಟರಿ ಒಟ್ಟು ಎಷ್ಟು ಶಕ್ತಿ ಹಿಡಿಯುತ್ತದೆ ಅನ್ನುವ ಅಳತೆ) ದಾಟಿದರೆ ವಿಮಾನ ಕಂಪನಿಯ ಅನುಮತಿ ಬೇಕು. 20,000 ಎಂಎಎಚ್ ಅಂದರೆ ಸುಮಾರು 74 ವ್ಯಾಟ್-ಅವರ್. ಆದರೆ ಒಯ್ಯುವುದು ಬೇರೆ, ಬಳಸುವುದು ಬೇರೆ. 2025ರ ಜನವರಿಯಲ್ಲಿ ದಕ್ಷಿಣ ಕೊರಿಯಾದ ಗಿಮ್ಹೇ ವಿಮಾನ ನಿಲ್ದಾಣದಲ್ಲಿ ಹೊರಡಲು ನಿಂತಿದ್ದ ಏರ್ ಬುಸಾನ್ ವಿಮಾನಕ್ಕೆ ಬೆಂಕಿ ಬಿತ್ತು. ಪವರ್ ಬ್ಯಾಂಕೇ ಕಾರಣ ಇರಬಹುದು ಅನ್ನುವ ಮಾತು ಬಂತು, ಆಮೇಲೆ ನಿಯಮಗಳು ಬಿಗಿಯಾದವು. ಸಿಂಗಾಪುರ್ ಏರ್‌ಲೈನ್ಸ್ ಅದೇ ವರ್ಷ ಏಪ್ರಿಲ್ 1ರಿಂದ, ಎಮಿರೇಟ್ಸ್ ಅಕ್ಟೋಬರ್ 1ರಿಂದ ಹಾರಾಟದಲ್ಲಿ ಪವರ್ ಬ್ಯಾಂಕ್ ಬಳಸುವುದನ್ನು ನಿಲ್ಲಿಸಿದವು. ಹಾಗಾಗಿ ಅದನ್ನೇ ನೆಚ್ಚಿಕೊಂಡು ಕೆಲಸ ಇಟ್ಟುಕೊಳ್ಳಬೇಡಿ, ಹೊರಡುವ ಮೊದಲು ನಿಮ್ಮ ಕಂಪನಿಯ ನಿಯಮ ಓದಿಕೊಳ್ಳಿ.

ಬೆಂಕಿಯ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಚಾರ್ಜಿಗೆ ಹಾಕಿದ ಫೋನ್ ಸೀಟಿನ ಸಂದಿಗೆ ಜಾರಿದರೆ ಸೀಟನ್ನು ಹಿಂದೆ ಮುಂದೆ ಮಾಡಿ ಹುಡುಕಬೇಡಿ. ಸೀಟಿನ ಲೋಹದ ಭಾಗಕ್ಕೆ ಸಿಕ್ಕಿ ಬ್ಯಾಟರಿ ಜಜ್ಜಿದರೆ ಹೊತ್ತಿಕೊಳ್ಳಬಹುದು. ಕೂತಲ್ಲೇ ಇದ್ದು ಸಿಬ್ಬಂದಿಯನ್ನು ಕರೆಯಿರಿ.

ಆ ರಾತ್ರಿ ಆರು ಗಂಟೆ ಬಿಡದೆ ಕೆಲಸ ಮಾಡಿದೆ. ಮಿತಿ 80ಕ್ಕೆ ಇಟ್ಟಿದ್ದೆ. ಇಳಿಯುವ ಮೊದಲು ಸೀಟಿನ ಪವರ್ ಹೋಗುತ್ತದೆ ಅಂತ ಗೊತ್ತಿದ್ದರಿಂದ ಕೊನೆಯ ಘೋಷಣೆಗೆ ಮುಂಚೆಯೇ ಚಾರ್ಜರ್ ತೆಗೆದು ಚೀಲಕ್ಕೆ ಹಾಕಿದೆ. ಸೀಟಿನ ಕೆಳಗೆ ಬಿಟ್ಟು ಇಳಿಯುವವರು ಎಷ್ಟೋ ಜನ. ಲ್ಯಾಪ್‌ಟಾಪ್ ಮುಚ್ಚುವಾಗ ಬ್ಯಾಟರಿ ಶೇಕಡಾ 87 ಇತ್ತು. ಅನುವಾದವನ್ನು ಸಾಮಾನು ಬರುವ ಬೆಲ್ಟ್ ಪಕ್ಕ ನಿಂತೇ ಕಳಿಸಿದೆ.